ಪದಚರ್ಚೆ: ಮರ ‘ಕಡೆಯುವುದು’, ಕಡಸಲು, ಬಿದ್ದ ಮರದ ಬಟ್ಟಲು

ಎಲ್ಲರಿಗೂ ನಮಸ್ಕಾರ.

ಗಾಳಿಮಳೆಗೆ ಬಿದ್ದ ಮರಗಳಿಂದ ಮನೆಬಳಕೆಯ ಸಾಮಾನು ಮಾಡುವ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಲಟ್ಟಣಿಗೆ, ಬಟ್ಟಲು, ಕುಂಕುಮದ ಭರಣಿ, ಕಡಗೋಲು, ಹೀಗೆ ಲೇತ್ (ಮರವನ್ನು ಗರಗರ ತಿರುಗಿಸುವ ಯಂತ್ರ) ಮೇಲೆ ಆಗುವಂಥವು. ಕೆಲಸದ ಹೆಸರಿನಲ್ಲೇ ತೊಡಕು ಶುರುವಾಗಿದೆ. ಮರವನ್ನು ತಿರುಗಲು ಬಿಟ್ಟು, ಉಳಿ ಆನಿಸಿ, ದುಂಡಗೆ ಮಾಡುವ ಈ ಕೆಲಸಕ್ಕೆ ಏನನ್ನಬೇಕು?

ಆಡುಮಾತಲ್ಲಿ ಟರ್ನಿಂಗ್ ಅನ್ನೋದೇ ಜಾಸ್ತಿ. ಅದರ ಬಗ್ಗೆ ನನಗೆ ತಕರಾರಿಲ್ಲ. ಬರವಣಿಗೆಯಲ್ಲಿ ಸುಮ್ನೆ ‘ಕೆತ್ತನೆ’ ಅಂತ ಹಾಕಿಬಿಡುತ್ತಾರಲ್ಲ, ಅದನ್ನು ಮಾತ್ರ ಒಪ್ಪಲಾಗದು. ಕೆತ್ತುವಾಗ ಮರ ಸುಮ್ಮನಿರುತ್ತದೆ, ಉಳಿ ಓಡಾಡುತ್ತದೆ. ಇಲ್ಲಿ ತಿರುಗುವುದು ಮರ. ಚನ್ನಪಟ್ಟಣದ ಬೊಂಬೆಗಳನ್ನೇ ನೋಡಿ. ಆಲೆ ಮರದ ತುಂಡು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ತಾಳೆಗರಿ ಒತ್ತಿ ಹಿಡಿದರೆ ಹೊಳಪು ಬರುತ್ತದೆ. ಈ ಕೈಚಳಕವನ್ನು ಕೆತ್ತನೆ ಅಂದರೆ ಅದರ ಜೀವಾಳವೇ ಬಿಟ್ಟುಹೋಗುತ್ತದೆ.

ಹಳೆಯ ಪದ ನಮ್ಮಲ್ಲೇ ಇದೆ: ಕಡೆ. ಮೊಸರು ಕಡೆಯುತ್ತೇವಲ್ಲ, ಅದೇ. ಕಡಗೋಲಿಗೆ ಹಗ್ಗ ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆದರೆ ಕೋಲು ತಿರುಗುತ್ತದೆ. ಮೋಟಾರ್ ಬರುವ ಮುಂಚೆ ಮರದ ತುಂಡನ್ನು ತಿರುಗಿಸುತ್ತಿದ್ದದ್ದೂ ಹೀಗೇ, ಹಗ್ಗ ಸುತ್ತಿ ಎಳೆದು. ಒಂದೇ ಚಲನೆ, ಹಾಗಾಗಿ ಒಂದೇ ಮಾತು. ತಮಿಳಿನ ‘ಕಡೈ’ಗೂ ಈ ಎರಡು ಅರ್ಥಗಳಿವೆ. ಅಲ್ಲಿ ಲೇತ್ ಕೆಲಸಕ್ಕೆ ‘ಕಡೈಸಲ್’ ಅನ್ನೋದು ಇವತ್ತಿಗೂ ಬಳಕೆಯಲ್ಲಿದೆ. ಮಲಯಾಳದಲ್ಲಿ ‘ಕಡಚ್ಚಿಲ್’. ಬೇಲೂರಿನ ದೇವಸ್ಥಾನದ ನವರಂಗದಲ್ಲಿ, ಅಂದರೆ ಗರ್ಭಗುಡಿಯ ಮುಂದಿನ ಮಂಟಪದಲ್ಲಿ, ಬಳಪದ ಕಲ್ಲಿನ ಕಂಬಗಳ ಮೇಲೆ ಬಳೆಬಳೆಯಾಗಿ ಎದ್ದ ಅಂಚುಗಳಿವೆಯಲ್ಲ, ಅವನ್ನು ‘ಕಡೆದ ಕಂಬ’ ಅಂದಾಗ ಆ ಮಾತು ಅಕ್ಷರಶಃ ಒಪ್ಪುತ್ತದೆ.

ಆದರೆ ಬಳಸಲು ಹೊರಟರೆ ತೊಂದರೆ ಇದೆ. ‘ಕಡೆದ ವಿಗ್ರಹ’ ಅಂದರೆ ಈಗ ಎಲ್ಲರೂ ಕೆತ್ತಿದ ವಿಗ್ರಹ ಅಂತಲೇ ತಿಳಿಯುತ್ತಾರೆ. ಅದಾದರೂ ಸಣ್ಣ ಗೊಂದಲ. ದೊಡ್ಡದು ಬೇರೆ. ಕೆಲಸದ ಹೆಸರು ‘ಕಡೆತ’ ಅಂತಾದರೆ, ಮರಗೆಲಸದ ಹಾಗೆ ‘ಮರಗಡೆತ’ ಅನ್ನಬಹುದು, ಅಲ್ವಾ? ಬರೆದಾಗ ಚೆನ್ನಾಗಿ ಕಾಣುತ್ತದೆ. ಬಾಯಲ್ಲಿ ಹೇಳಿ ನೋಡಿ: ಮರ ಕಡೆತ, ಮರ ಕಡಿತ. ಮನೆಯನ್ನು ‘ಮನಿ’ ಅನ್ನುವ ಉತ್ತರ ಕರ್ನಾಟಕದ ಮಾತಲ್ಲಂತೂ ‘ಕಡೆ’ಯೂ ‘ಕಡಿ’ಯೇ ಆಗುತ್ತದೆ. ಬಿದ್ದ ಮರವನ್ನು ಸೌದೆಗೆ ಹೋಗದಂತೆ ಉಳಿಸಿಕೊಳ್ಳುವ ಕೆಲಸಕ್ಕೆ ಮರ ಉರುಳಿಸುವ ಹೆಸರು ಬಂದರೆ ಹೇಗೆ?

ಹಾಗಾಗಿ ‘ಕಡಸಲು’ ಎಂಬ ರೂಪದ ಮೇಲೆ ನನಗೆ ಆಸೆ. ಕಡಸಲು ಕೆಲಸ, ಕಡಸಲು ಬಟ್ಟಲು. ಕಡಿತದ ಗೊಂದಲ ಇಲ್ಲ, ತಮಿಳು ಮಲಯಾಳದ ರೂಪಗಳ ಜತೆಗೂ ಹೊಂದುತ್ತದೆ. ನಿಮ್ಮ ಕಡೆ ಮಂಚದ ಕಾಲು, ತೊಟ್ಟಿಲ ಗೂಟ, ಬುಗುರಿ ಮಾಡುವವರು ‘ಕಡಸಲು’ ಅಥವಾ ‘ಕಡಚಲು’ ಅನ್ನುತ್ತಾರಾ? ಕೇಳಿದ್ದರೆ ಅವರು ಆಡಿದ ಹಾಗೆಯೇ ಬರೆದು ತಿಳಿಸಿ. ನನಗೆ ಪದಕೋಶದ ರೂಪಕ್ಕಿಂತ ಬಾಯಿಮಾತು ಮುಖ್ಯ.

ಇನ್ನೊಂದು ಮಾತು ಬೇಕಾಗಿರುವುದು ಒಣಗುವ ಹಂತಕ್ಕೆ. ಬಿದ್ದ ಹಲಸಿನ ಮರ ಸಿಕ್ಕಿತು ಅನ್ನಿ. ದಿಮ್ಮಿಯನ್ನು ನಡುವಿನ ಬೆಂಡಿನ ಗುಂಟ ಸೀಳಿ, ಬೆಂಡು ತೆಗೆದುಬಿಡಬೇಕು, ಇಲ್ಲದಿದ್ದರೆ ಬಿರುಕು ಅಲ್ಲಿಂದಲೇ ಶುರು. ಹಸಿಯಾಗಿರುವಾಗಲೇ ಬಟ್ಟಲನ್ನು ಒಂದು ಸಲ ದಪ್ಪಗೆ ಕಡೆಯುತ್ತಾರೆ. 10 ಇಂಚು ಅಗಲದ ಬಟ್ಟಲಾದರೆ ಗೋಡೆ ಸುಮಾರು 1 ಇಂಚು. ಆಮೇಲೆ ಅಡ್ಡ ಕುಯ್ದ ಎಳೆ ಕಾಣುವ ಕಡೆಗೆ ಮೇಣ ಬಳಿದು, ನೆರಳಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಮರ ಬೆಳವಣಿಗೆಯ ಉಂಗುರದ ಗುಂಟ ಕುಗ್ಗುವುದು ಜಾಸ್ತಿ. ನಡುವಿನಿಂದ ಹೊರಕ್ಕೆ ಸಾಮಾನ್ಯವಾಗಿ ಅದರ ಅರ್ಧದಷ್ಟು. ಹಾಗಾಗಿ ದುಂಡಗಿದ್ದ ಬಾಯಿ ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಹದಕ್ಕೆ ಬಂದ ಮೇಲೆ ಎರಡನೇ ಸಲ ಲೇತ್‌ಗೆ ಏರಿಸಿ ತೆಳ್ಳಗೆ, ದುಂಡಗೆ ಮಾಡುತ್ತಾರೆ. ಹೊಸತರಲ್ಲಿ ಅರಿಶಿನದ ಬಣ್ಣವಿದ್ದ ಹಲಸು ಬರಬರುತ್ತಾ ಕಂದುಬಣ್ಣಕ್ಕೆ ತಿರುಗುತ್ತದೆ. ನೋಡಲು ಬಹಳ ಚೆಂದ.

ಹೀಗೆ ಒಣಗುತ್ತಾ ಆಕಾರ ಕೆಡುವುದಕ್ಕೆ ಬಡಗಿಗಳು ಏನನ್ನುತ್ತಾರೆ? ‘ಸೊಟ್ಟ ಹೋಯ್ತು’, ‘ತಿರುಚ್ಕೊಂಡ್ತು’ ಎರಡನ್ನೂ ಕೇಳಿದ್ದೇನೆ. ಆದರೆ ತಿರುಚುವುದು ಹಲಗೆಗೆ ಆಗುವಂಥದ್ದು. ಬಟ್ಟಲ ಬಾಯಿ ಉದ್ದಕ್ಕೆ ಎಳೆದ ಹಾಗಾಗುವುದಕ್ಕೆ ಬೇರೆ ಮಾತಿದ್ದರೆ ಬೇಕು. ಗಟ್ಟಿ ತಿರುಳಿಗೆ ‘ಚೇಗು’ ಇದೆ, ಒಳ್ಳೆಯ ಪದ, ಬಿಡಲಾರೆ. ಅದರ ಸುತ್ತಲಿನ ಮೆತ್ತನೆಯ ಬಿಳಿ ಭಾಗಕ್ಕೆ?

ಮರದ ಬಟ್ಟಲನ್ನು ‘ಮರಿಗೆ’ ಅನ್ನಿ ಎಂದು ಒಬ್ಬರು ಸೂಚಿಸಿದರು. ನನಗೆ ಸರಿಬರಲಿಲ್ಲ. ಮರಿಗೆ ತೋಡಿ ಮಾಡುವಂಥದ್ದು, ಕಲ್ಲಿನದಾದರೆ ಕಲ್ಮರಿಗೆ. ಕಡೆದದ್ದು ಬಟ್ಟಲೇ ಇರಲಿ, ಅಗಲವಾಗಿದ್ದರೆ ಬೋಗುಣಿ.

ಮರದ ಮೂಲ ಹೇಳುವ ಮಾತು ಕೊನೆಯದು. ‘ಮರುಬಳಕೆಯ ಮರ’ ಅಂದರೆ ಹಳೆ ಮನೆಯ ತೊಲೆ, ಬಾಗಿಲು ನೆನಪಾಗುತ್ತದೆ. ‘ರಕ್ಷಿಸಿದ ಮರ’ ಅಂದರೆ ಇನ್ನೂ ನಿಂತಿರುವ ಮರ. ಬೆಂಗಳೂರಿನಲ್ಲಿ ಮುಂಗಾರಿಗೆ ಮುಂಚಿನ ಮಳೆಗೆ ಉರುಳುವ ಗುಲ್ಮೊಹರ್, ಊರ ಕಡೆ ಗಾಳಿಗೆ ಬೀಳುವ ಮಾವು, ಎರಡಕ್ಕೂ ‘ಬಿದ್ದ ಮರ’ ಸಾಕು ಅನಿಸುತ್ತದೆ. ‘ಬಿದ್ದ ಮರದ ಬಟ್ಟಲು’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬೇರುಸಮೇತ ಕಿತ್ತು ಬಿದ್ದದ್ದಕ್ಕೂ, ನಡುವೆ ಮುರಿದು ಬಿದ್ದದ್ದಕ್ಕೂ ನಿಮ್ಮಲ್ಲಿ ಬೇರೆ ಬೇರೆ ಮಾತಿದ್ದರೆ ತಿಳಿಸಿ. ದಿಮ್ಮಿ ಆರಿಸುವಾಗ ಈ ವ್ಯತ್ಯಾಸ ಬೇಕಾಗುತ್ತದೆ, ಯಾಕೆಂದರೆ ಮುರಿದ ಮರದಲ್ಲಿ ಒಳಸೀಳು ಬಹಳ ದೂರದವರೆಗೆ ಹೋಗಿರಬಹುದು. ಪದದ ಜತೆ ಊರನ್ನೋ ತಾಲ್ಲೂಕನ್ನೋ ಬರೆದರೆ ಉಪಕಾರ.