ಅತ್ತೆ ಕಳಿಸಿದ ಸೊಟ್ಟ ಕೌದಿ: ಬಿಚ್ಚೋದೂ ಬೇಡ, ಗೋಡೆಗೆ ಹಾಕೋದೂ ಬೇಡ

ಎಲ್ಲರಿಗೂ ನಮಸ್ಕಾರ. ಹರಿಹರದಿಂದ ಅತ್ತೆ ಕೌದಿ ಕಳಿಸಿದ್ದಾರೆ ಅಂತ ಬರೆದಿದ್ದ ತಂಗಿಗೆ ಈ ಉತ್ತರ. ಒಂದು ಮೂಲೆ ಸೊಟ್ಟ, ನಡುವೆ ಉಬ್ಬು, ಬಣ್ಣಕ್ಕೆ ಬಣ್ಣ ಹೊಂದಲ್ಲ, ಮಗಳು ನೋಡಿ ಮೂಗು ಮುರಿದಳು, ಬಿಚ್ಚಿ ಬೇರೆ ಹೊಲಿಸಲಾ ಅಂತ ಕೇಳಿದ್ದೀರಿ. ಗುಂಪಿನಲ್ಲಿ ಅರ್ಧ ಜನ "ಅಯ್ಯೋ, ಅದು ಅಮೂಲ್ಯ, ಫ್ರೇಮ್ ಹಾಕಿಸಿ ಗೋಡೆಗೆ ಹಾಕಿ" ಅಂದರು. ಉಳಿದವರು "ಜಾಗ ಎಲ್ಲಿದೆ, ದಾನ ಕೊಟ್ಟುಬಿಡಿ" ಅಂದರು. ನನಗೆ ಎರಡೂ ಸರಿ ಕಾಣಲಿಲ್ಲ. ನಾನು ದಾವಣಗೆರೆಯವಳು, ಈಗ ಅಮೆರಿಕದ ಮಿನಿಸೋಟಾದಲ್ಲಿದ್ದೇನೆ. ಇಲ್ಲಿನ ಚಳಿ ನಿಮಗೇ ಗೊತ್ತು. ನಮ್ಮನೆಯಲ್ಲಿ ಕೌದಿ ಇರೋದು ಮಂಚದ ಮೇಲೆ.

ಮೊದಲು ಆ ಸೊಟ್ಟ ಎಲ್ಲಿಂದ ಬಂತು ಅಂತ ನೋಡಿ. ಐದೂವರೆ ಮೀಟರ್ ಹತ್ತಿ ಸೀರೆಯನ್ನು ಎರಡು ಮಾಡಿ ಪಕ್ಕಪಕ್ಕ ಜೋಡಿಸಿದರೆ ಕೌದಿಯ ಅಡಿ ಬಟ್ಟೆ ಆಯಿತು. ಅದರ ಮೇಲೆ ಹರಿದ ಪಂಚೆ, ಲುಂಗಿ, ಹಳೆ ಹಾಸಿಗೆ ಬಟ್ಟೆ. ಎಲ್ಲದರ ಮೇಲೆ ಬಣ್ಣದ ತುಂಡುಗಳು. ಈಗ ಯೋಚಿಸಿ, ಇಪ್ಪತ್ತು ವರ್ಷ ಉಟ್ಟ ಸೀರೆ ಎಲ್ಲಾ ಕಡೆ ಒಂದೇ ತರ ಇರುತ್ತಾ? ಕೂತು ಎದ್ದ ಜಾಗದಲ್ಲಿ ಜಗ್ಗಿರುತ್ತದೆ, ಸೆರಗಿನ ಕಡೆ ಗಟ್ಟಿ ಇರುತ್ತದೆ. ಅಂಥ ಬಟ್ಟೆಯನ್ನು ನೆಲದ ಮೇಲೆ ಹಾಸಿ ಎಷ್ಟು ಎಳೆದರೂ ಮೂಲೆಗಳು ನಾಲ್ಕೂ ಚೌಕ ಬರಲ್ಲ. ಹೊಲಿದವರ ಕೈ ಸೊಟ್ಟ ಅಲ್ಲ, ಸೀರೆಯೇ ಸೊಟ್ಟ.

ನಡುವಿನ ಉಬ್ಬಿಗೂ ಕಾರಣ ಇದೆ. ನಮ್ಮ ಕಡೆ ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತಾ ಒಳಗೆ ಬರುತ್ತಾರೆ. ಪ್ರತಿ ಸುತ್ತಿನಲ್ಲೂ ಸಡಿಲ ಬಟ್ಟೆ ಸ್ವಲ್ಪ ಸ್ವಲ್ಪ ನಡುವಿಗೆ ಸರಿಯುತ್ತದೆ. ಕೊನೆಗೆ ಹೋಗೋಕೆ ಜಾಗ ಇಲ್ಲದೆ ಅಲ್ಲೇ ಉಬ್ಬಿಕೊಂಡು ಕೂರುತ್ತದೆ. ಇಲ್ಲಿನ ಕ್ವಿಲ್ಟ್, ಅಂದರೆ ಅಮೆರಿಕದವರ ಕೌದಿ, ಹೊಲಿಯುವವರು ಸಾಮಾನ್ಯವಾಗಿ ನಡುವಿನಿಂದ ಹೊರಗೆ ಹೋಗುತ್ತಾರೆ, ಅದಕ್ಕೇ ಅವರದು ಚಪ್ಪಟೆ. ಅವರು ತುಂಡುಗಳನ್ನು ಅಳತೆಪಟ್ಟಿ ಇಟ್ಟು ಕತ್ತರಿಸಿ, ಕಾಲು ಇಂಚು ಅಂಚು ಬಿಟ್ಟು ಒಂದಕ್ಕೊಂದು ಸೇರಿಸುತ್ತಾರೆ. ನಮ್ಮವರು ತುಂಡಿನ ಅಂಚು ಒಳಗೆ ಮಡಚಿ ಕೆಳಗಿನ ಪದರಗಳಿಗೇ ಹೊಲಿದುಬಿಡುತ್ತಾರೆ. ಅಳತೆ ಅಂದರೆ ಗೇಣು, ಮೊಳ. ಎರಡು ಬೇರೆ ಬೇರೆ ಕೆಲಸ ಇವು. ಇದನ್ನು ಅದರ ಪಕ್ಕ ಇಟ್ಟು ನೋಡಿದರೆ ಇದು ಸೋತಂತೆ ಕಾಣುತ್ತದೆ, ಅಷ್ಟೇ.

ಕೌದಿಯನ್ನು ತಿರುಗಿಸಿ ಹಿಂಬದಿ ನೋಡಿ. ಮಜಾ ಇರೋದು ಅಲ್ಲಿ. ನಮ್ಮನೆ ಕೌದಿಯಲ್ಲಿ ಒಂದು ಕಡೆ ಹೊಲಿಗೆ ಅಕ್ಕಿ ಕಾಳಿನಷ್ಟು ಸಣ್ಣ, ಸಾಲು ಸಾಲಾಗಿದೆ. ಅಲ್ಲೇ ಒಂದು ಗೇಣು ಆಚೆ ಹೊಲಿಗೆ ಉದ್ದ ಆಗುತ್ತದೆ, ಸಾಲು ಕೆಳಗೆ ಜಾರುತ್ತದೆ, ದಾರ ಬಿಳಿ ಇದ್ದದ್ದು ಹಸಿರಾಗುತ್ತದೆ. ಅದು ಪಕ್ಕದ ಮನೆಯವರ ಕೈ. ಮಧ್ಯಾಹ್ನ ಊಟ ಆದಮೇಲೆ ಜಗಲಿಯಲ್ಲಿ ಕೌದಿ ಹಾಸಿದರೆ ಮಾತಾಡೋಕೆ ಬಂದವರೂ ಒಂದು ಸೂಜಿ ತಗೊಂಡು ಕೂರುತ್ತಿದ್ದರು. ಬೇಡ ಅನ್ನೋಕಾಗುತ್ತಾ? ನನ್ನ ಮಗ ವಿಡಿಯೋ ಕಾಲ್‌ನಲ್ಲಿ ಒಂದು ಡೊಂಕು ಸಾಲನ್ನು ತೋರಿಸಿ "ಅಜ್ಜಿ, ಇದ್ಯಾಕೆ ಹಿಂಗಿದೆ?" ಅಂತ ಕೇಳಿದ. ಅಜ್ಜಿಯ ಉತ್ತರ: "ಅವಾಗ ಕರೆಂಟ್ ಹೋಗಿತ್ತು ಕಣೋ." ಅವನಿಗೆ ಈಗ ಇಡೀ ಕೌದಿಯಲ್ಲಿ ಇಷ್ಟವಾದ ಸಾಲು ಅದೇ.

ಹಾಗಂತ ಇರೋದೆಲ್ಲ ಚೆಂದ ಅಂತ ಸುಮ್ನೆ ಬಿಡೋದನ್ನೂ ನಾನು ಒಪ್ಪಲ್ಲ. ಕಣ್ಣಿಗೆ ಸೊಟ್ಟ ಕಾಣೋದು ಬೇರೆ, ನಾಳೆ ಕಿತ್ತುಹೋಗೋದು ಬೇರೆ. ಮೊದಲನೆಯದನ್ನು ಬಿಡಿ. ಎರಡನೆಯದನ್ನು ಇವತ್ತೇ ಹೊಲಿಯಿರಿ.

ದಾರ ಕಿತ್ತ ಕಡೆ ತುದಿಗೆ ಬರೀ ಗಂಟು ಹಾಕಿದರೆ ನಿಲ್ಲಲ್ಲ. ಗಟ್ಟಿ ಇರುವ ಹೊಲಿಗೆ ಸಿಗುವ ತನಕ ಹಿಂದೆ ಹೋಗಿ, ಅದರ ಮೇಲೇ ಒಂದಿಂಚು ಹೊಲಿದುಕೊಂಡು ಮುಂದೆ ಬನ್ನಿ. ತೂತಿಗೆ ತೇಪೆ ಹಾಕುವಾಗ ತೂತಿನ ಅಳತೆ ನೋಡಬೇಡಿ. ಸುತ್ತ ಬೆರಳಲ್ಲಿ ಜಗ್ಗಿ ನೋಡಿ, ಬಟ್ಟೆ ಎಲ್ಲಿ ಗಟ್ಟಿ ಇದೆಯೋ ಅಲ್ಲಿಯವರೆಗೆ ತೇಪೆ ಬರಬೇಕು. ಇಲ್ಲದಿದ್ದರೆ ತೇಪೆ ಗಟ್ಟಿ ಇರುತ್ತದೆ, ಅದರ ಪಕ್ಕದಲ್ಲೇ ಹೊಸ ತೂತು ಬೀಳುತ್ತದೆ. ಅಂಚು ಎಲ್ಲಕ್ಕಿಂತ ಮೊದಲು ಸವೆಯೋ ಜಾಗ. ಅಲ್ಲಿಗೆ ಮೆತ್ತನೆ ಹತ್ತಿ ಬಟ್ಟೆಯ ಪಟ್ಟಿ ಮಡಚಿ ಕೂರಿಸಿದರೆ ಇನ್ನೂ ಹತ್ತಾರು ವರ್ಷ ಬಾಳುತ್ತದೆ.

ನಿಮ್ಮ ಉಬ್ಬಿಗೆ ಬರೋಣ. ಅದಕ್ಕೆ ಕತ್ತರಿ ಹಾಕಬೇಡಿ. ಉಬ್ಬಿದ ಕಡೆ ಈಗಿರುವ ಎರಡು ಸಾಲಿನ ನಡುವೆ ಇನ್ನೊಂದು ಸಾಲು ಹೊಲಿಯಿರಿ. ಆಮೇಲೆ ಅಡ್ಡಕ್ಕೂ ಕೆಲವು ಸಾಲು ಹಾಕಿ. ಹೊಲಿಗೆ ಒತ್ತಾದಷ್ಟೂ ಬಟ್ಟೆ ಒಳಗೆ ಎಳೆದುಕೊಳ್ಳುತ್ತದೆ, ಉಬ್ಬು ಇಳಿಯುತ್ತದೆ. ಪೂರ್ತಿ ಹೋಗಲ್ಲ. ಮೈಮೇಲೆ ಹೊದ್ದಾಗ ಗೊತ್ತೇ ಆಗಲ್ಲ.

ದಾರದ ವಿಷಯದಲ್ಲಿ ಮಾತ್ರ ನನಗೆ ಹಟ ಇದೆ. ಇಲ್ಲಿನ ಅಂಗಡಿಯಲ್ಲಿ "ಎಕ್ಸ್‌ಟ್ರಾ ಸ್ಟ್ರಾಂಗ್" ಅಂತ ಪಾಲಿಯೆಸ್ಟರ್ ದಾರ ಕೊಡುತ್ತಾರೆ. ಹಳೆ ಹತ್ತಿ ಬಟ್ಟೆಗೆ ಅದು ಬೇಡ. ದಾರ ಬಟ್ಟೆಗಿಂತ ಗಟ್ಟಿ ಆದರೆ, ಜಗ್ಗಿದಾಗ ಹರಿಯೋದು ಬಟ್ಟೆ. ಹತ್ತಿ ದಾರ ಕಿತ್ತರೆ ಮತ್ತೆ ಹೊಲಿಯಬಹುದು, ಅಲ್ವಾ? ಒಂದು ತೋಳಿನಷ್ಟೇ ಉದ್ದ ತಗೊಳ್ಳಿ, ಸ್ವಲ್ಪ ಮೇಣ ಸವರಿ, ಸಿಕ್ಕಾಗಲ್ಲ. ಮತ್ತೆ, ಪ್ರೀತಿ ಜಾಸ್ತಿಯಾಗಿ ಮೊಳಕಾಲ್ಮೂರು ರೇಷ್ಮೆ ಸೀರೆಯ ತುಂಡನ್ನು ಇದಕ್ಕೆ ಹಾಕೋಕೆ ಹೋಗಬೇಡಿ. ಹಳೆ ರೇಷ್ಮೆ ಸೂಜಿ ಚುಚ್ಚಿದ ಸಾಲಿನಲ್ಲೇ ಸೀಳುತ್ತದೆ, ಜರಿ ಮೈಗೆ ಚುಚ್ಚುತ್ತದೆ.

ಒಗೆಯೋದು ಹೇಗೆ ಅಂತಲೂ ಒಬ್ಬರು ಕೇಳಿದ್ದರು. ಊರಲ್ಲಾದರೆ ಹಬ್ಬಕ್ಕೆ ಮುಂಚೆ ಭದ್ರಾ ನಾಲೆಗೆ ಹೊತ್ತುಕೊಂಡು ಹೋಗಿ, ಇಬ್ಬರು ಎರಡು ತುದಿ ಹಿಡಿದು ತಿರುಚಿ ಹಿಂಡುತ್ತಿದ್ದರು. ಇಲ್ಲಿ ಒದ್ದೆ ಕೌದಿಯ ತೂಕಕ್ಕೆ ಮನೆಯ ಸಣ್ಣ ಮೆಷಿನ್ ಕುಣಿಯುತ್ತದೆ. ಕಾಸು ಹಾಕುವ ಲಾಂಡ್ರಿಯ ದೊಡ್ಡ ಮೆಷಿನ್ನಿಗೆ ತಗೊಂಡು ಹೋಗಿ, ತಣ್ಣೀರು, ಮೆಲ್ಲಗಿನ ಸೈಕಲ್. ಅದಕ್ಕೂ ಮುಂಚೆ ಒದ್ದೆ ಬಿಳಿ ಬಟ್ಟೆಯಿಂದ ಕೆಂಪು, ಕಡುನೀಲಿ ತುಂಡುಗಳನ್ನು ಉಜ್ಜಿ ನೋಡಿ. ಬಣ್ಣ ಹತ್ತಿದರೆ ಬೇರೆ ಯಾವುದರ ಜೊತೆಯೂ ಹಾಕಬೇಡಿ. ಡ್ರೈಯರ್ ಬಿಸಿ ಜಾಸ್ತಿ ಆದರೆ ಹತ್ತಿ ಕುಗ್ಗುತ್ತದೆ, ಒಳಗಿನ ಪದರ ಒಂದು ಅಳತೆ, ಮೇಲಿನದು ಇನ್ನೊಂದು ಅಳತೆ ಆಗುತ್ತದೆ. ಅಂದಹಾಗೆ ಉತ್ತರ ಕರ್ನಾಟಕದ ಕಡೆ ಕೆಲವು ಮನೆಗಳಲ್ಲಿ ಕೊನೆ ಹೊಲಿಗೆ ಹಾಕುವ ಮುಂಚೆ ಒಳಗೆ ರೊಟ್ಟಿ ಚೂರು ಇಡುವ ರೂಢಿ ಇದೆ, ಕೌದಿ ಹೊಟ್ಟೆ ಖಾಲಿ ಇರಬಾರದಂತೆ. ಮೂಲೆಯಲ್ಲಿ ಏನೋ ಪುಡಿಪುಡಿ ಸಿಕ್ಕಿದರೆ ಗಾಬರಿ ಬೇಡ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಂಬಳಿ ಇರುವವರು ಈ ಮೆಷಿನ್ ಸಲಹೆಯನ್ನು ದಯವಿಟ್ಟು ಅದಕ್ಕೆ ಬಳಸಬೇಡಿ. ಅದು ಕುರಿ ಉಣ್ಣೆ, ಮೆಷಿನ್ನಲ್ಲಿ ಮುದುಡಿಹೋಗುತ್ತದೆ. 1997ರ ತನಕ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯೇ ಆಗಿತ್ತಲ್ಲ, ನಮ್ಮ ಮನೆಗಳಲ್ಲಿ ಎರಡೂ ಜೊತೆಯಾಗೇ ಇರುತ್ತಿದ್ದವು. ಮೈಗೆ ಹತ್ತುವ ಹಾಗೆ ಕೌದಿ, ಅದರ ಮೇಲೆ ಕಂಬಳಿ. ದುಗ್ಗಮ್ಮನ ಜಾತ್ರೆಗೆ ನೆಂಟರು ತುಂಬಿಕೊಂಡಾಗ ಅಟ್ಟದ ಮೇಲಿನ ಕೌದಿಗಳೆಲ್ಲ ಕೆಳಗೆ ಇಳಿಯುತ್ತಿದ್ದವು. ಯಾರಿಗೆ ಯಾವುದು ಅಂತ ಜಗಳ ಬೇರೆ.

ಈಗ ಮಗಳ ವಿಷಯ. ಅವಳು ಮೂಗು ಮುರಿದಿದ್ದಕ್ಕೆ ಬೈಬೇಡಿ. "ಅಜ್ಜಿಯ ಪ್ರೀತಿ ಇದೆ ಇದರಲ್ಲಿ" ಅಂತ ಪಾಠವನ್ನೂ ಮಾಡಬೇಡಿ, ಆ ಮಾತು ಮಕ್ಕಳಿಗೆ ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತದೆ. ಸೂಜಿ ಕೊಡಿ. ಎಂಟು ಹತ್ತು ವರ್ಷದ ಮಗುವಿಗೆ ದೊಡ್ಡ ಕಣ್ಣಿನ ಸೂಜಿಯಲ್ಲಿ ಸಾದಾ ಹೊಲಿಗೆ ಧಾರಾಳವಾಗಿ ಬರುತ್ತದೆ. ಅವಳದೇ ಹಳೆ ಹತ್ತಿ ಪೈಜಾಮದ ತುಂಡು ಕತ್ತರಿಸಿ ತೇಪೆ ಹಾಕಲಿ. ಟೀ ಶರ್ಟ್ ಬೇಡ, ಅದು ಹಿಗ್ಗುತ್ತದೆ, ಸುಕ್ಕು ಬರುತ್ತದೆ.

ಅವಳು ಹೊಲಿದದ್ದನ್ನು ಏನಂತ ಹೇಳುತ್ತೀರಿ ಅನ್ನೋದು ಮುಖ್ಯ. ಇಲ್ಲಿ ಸ್ಕೂಲಿನಲ್ಲಿ ಗೆರೆ ಎಳೆದರೂ "ಗುಡ್ ಜಾಬ್". ನಮ್ಮ ಕಾಲದಲ್ಲಿ ಹತ್ತಕ್ಕೆ ಒಂಬತ್ತು ಬಂದರೂ ಇನ್ನೊಂದು ಎಲ್ಲಿ ಅಂತ. ನನಗೆ ಎರಡೂ ಸಾಕಾಗಿದೆ. ಹೊಲಿಗೆ ಜಗ್ಗಿ ನೋಡಿ. ಬಿಚ್ಚಿಕೊಂಡರೆ "ಇದು ನಿಲ್ಲಲ್ಲ, ಇನ್ನೊಂದು ಸಲ ಹಾಕು" ಅನ್ನಿ. ನಿಂತರೆ, ಎಷ್ಟು ಡೊಂಕಾಗಿದ್ದರೂ ಬಿಡಿ. ರಾತ್ರಿ ಅವಳು ಮಲಗಿದಮೇಲೆ ಬಿಚ್ಚಿ ನೇರ ಮಾಡೋಕೆ ಮಾತ್ರ ಹೋಗಬೇಡಿ. ಬೆಳಿಗ್ಗೆ ಅವಳಿಗೆ ಗೊತ್ತಾಗದೆ ಇರಲ್ಲ.

ಅಮೆರಿಕದಲ್ಲೇ ತೋರಿಸೋಕೆ ಉದಾಹರಣೆ ಬೇಕು ಅಂದರೆ ಅಲಬಾಮಾದ ಜೀಸ್ ಬೆಂಡ್ ಊರಿನ ಕ್ವಿಲ್ಟ್‌ಗಳ ಚಿತ್ರ ನೋಡಿ. ಕಪ್ಪು ಜನರ ಬಡ ಊರು. ಹೊಲದಲ್ಲಿ ದುಡಿದು ಸವೆದ ಪ್ಯಾಂಟು, ಅಂಗಿಗಳಿಂದ ಅಲ್ಲಿನ ಹೆಂಗಸರು ಚಳಿಗಾಗಿ ಹೊಲಿದದ್ದು. ಗೆರೆಗಳು ಒಂದೂ ನೇರ ಇಲ್ಲ. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಮ್ಯೂಸಿಯಂನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ ಪ್ರದರ್ಶನ ಆಯಿತು. 2006ರಲ್ಲಿ ಅಂಚೆ ಚೀಟಿಗಳೂ ಬಂದವು. ನನ್ನ ಮಗನಿಗೆ ಆ ಚಿತ್ರ ತೋರಿಸಿದಾಗ "ಇದು ನಮ್ಮನೇದರ ತರಾನೇ ಇದೆಯಲ್ಲ" ಅಂದ. ಮ್ಯೂಸಿಯಂ ಒಪ್ಪಿದ ಮೇಲೆ ನಾವು ಒಪ್ಪಬೇಕಾ ಅಂತ ನನಗೆ ಸ್ವಲ್ಪ ಕಿರಿಕಿರಿಯೂ ಇದೆ, ಇರಲಿ. ಇಲ್ಲಿನ ಕ್ವಿಲ್ಟ್ ಗುಂಪುಗಳಲ್ಲಿ ಇನ್ನೊಂದು ಕತೆ ಓಡಾಡುತ್ತದೆ: ಪರಿಪೂರ್ಣ ದೇವರೊಬ್ಬನೇ ಅಂತ ಆಮಿಷ್ ಅನ್ನೋ ಕ್ರೈಸ್ತ ಪಂಗಡದ ಹೆಂಗಸರು ಬೇಕಂತಲೇ ಒಂದು ತಪ್ಪು ಹೊಲಿಯುತ್ತಿದ್ದರಂತೆ. ಕ್ವಿಲ್ಟ್ ಇತಿಹಾಸ ಬಲ್ಲವರು ಅದಕ್ಕೆ ಪುರಾವೆ ಇಲ್ಲ ಅನ್ನುತ್ತಾರೆ. ಕೈಯಲ್ಲಿ ಹೊಲಿದವರಿಗೆ ಗೊತ್ತು, ತಪ್ಪನ್ನು ಯಾರೂ ಕರೆಯಬೇಕಾಗಿಲ್ಲ.

ಬಾಣಂತನಕ್ಕೆ ಕೂಸಿನ ಕೌದಿ ತರಿಸಿಕೊಳ್ಳುತ್ತಿರುವವರಿಗೆ ಒಂದು ಮಾತು. ಒಂದು ವರ್ಷದ ಒಳಗಿನ ಮಗು ಮಲಗುವ ತೊಟ್ಟಿಲಲ್ಲಿ ಸಡಿಲ ಹೊದಿಕೆ ಏನೂ ಇರಬಾರದು ಅಂತ ಇಲ್ಲಿನ ಮಕ್ಕಳ ವೈದ್ಯರ ಸಂಘದ ಸಲಹೆ, ಉಸಿರು ಕಟ್ಟುವ ಅಪಾಯಕ್ಕೆ. ಅತ್ತೆ, ಅಮ್ಮ ಬೇಜಾರಾಗುತ್ತಾರೆ, ನಿಜ. ಮಗು ಎಚ್ಚರ ಇದ್ದಾಗ ಕೌದಿಯನ್ನು ನೆಲಕ್ಕೆ ಹಾಸಿ, ನೀವು ಪಕ್ಕದಲ್ಲಿದ್ದು ಬೋರಲು ಆಡಿಸಿ. ಅದಕ್ಕೆ ಇದಕ್ಕಿಂತ ಮೆತ್ತನೆ ಹಾಸು ಇಲ್ಲ. ಆ ಫೋಟೋ ಊರಿಗೆ ಕಳಿಸಿ, ಬೇಜಾರು ಹೋಗುತ್ತದೆ.

ಇನ್ನು ಆ ಫ್ರೇಮ್ ಸಲಹೆ. ನಮ್ಮಮ್ಮನಿಗೆ ಹೇಳಿದೆ, ಇಲ್ಲಿ ಹೀಗೆಲ್ಲ ಗೋಡೆಗೆ ಹಾಕುತ್ತಾರೆ ಅಂತ. "ಹೊತ್ಕಳಾಕೆ ಅಂತ ಹೊಲ್ದಿದ್ದು, ಗ್ವಾಡಿಗೆ ಚಳಿ ಆಗ್ತೈತೇನು?" ಅಂದರು.

ನಮ್ಮ ಕಡೆಯ ನಾಲ್ಕೈದು ಮನೆಯವರು ಶನಿವಾರ ಮಧ್ಯಾಹ್ನ ಲೈಬ್ರರಿ ರೂಮಿನಲ್ಲಿ ಕೂತು ಒಂದು ಹೊಸ ಕೌದಿ ಶುರು ಮಾಡೋಣ ಅಂತಿದ್ದೇವೆ. ಹತ್ತಿ ಸೀರೆ, ಪಂಚೆ ಇದ್ದವರು ಮೊದಲೇ ಒಗೆದು ಒಣಗಿಸಿ ತನ್ನಿ, ಕುಗ್ಗೋದೆಲ್ಲ ಈಗಲೇ ಕುಗ್ಗಲಿ. ಪದರಗಳನ್ನು ಹಾಸಿ ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಂಡು, ಈ ಸಲ ನಡುವಿನಿಂದ ಹೊರಗೆ ಹೋಗಿ ನೋಡೋಣ, ಉಬ್ಬು ಎಷ್ಟು ಕಮ್ಮಿ ಆಗುತ್ತೋ. ಮಕ್ಕಳನ್ನೂ ಕರೆತನ್ನಿ. ಕತ್ತರಿ ನನ್ನ ಹತ್ತಿರ ಇದೆ, ಸೂಜಿ ಕಮ್ಮಿ ಬೀಳಬಹುದು. ಮಂಡಕ್ಕಿ ಮೆಣಸಿನಕಾಯಿ ನಮ್ಮ ಕಡೆಯಿಂದ, ಆದರೆ ಎಣ್ಣೆ ಕೈ ತೊಳೆದೇ ಸೀರೆ ಮುಟ್ಟಬೇಕು.