26 ಮಷಿನ್‌ಗಳ ಲ್ಯಾಬ್‌ಗೆ ಫಾಗ್ ಇಮೇಜಿಂಗ್ ಸರ್ವರ್: ಪಿಎಕ್ಸ್‌ಇ-ಇ53 ಬರುತ್ತಿದೆ, ರೂಟರ್ ಮುಟ್ಟುವ ಹಾಗಿಲ್ಲ

ಕಾರಂಜಾ_ದಂಡೆ (ಭಾಲ್ಕಿ)

ಎಲ್ಲರಿಗೂ ನಮಸ್ಕಾರ. ಭಾಲ್ಕಿ ಕಡೆಯ ಒಂದು ಐಟಿಐನಲ್ಲಿ ಕೋಪಾ (ಕಂಪ್ಯೂಟರ್ ಆಪರೇಟರ್) ಟ್ರೇಡ್ ಕಲಿಸುತ್ತೇನೆ. ಲ್ಯಾಬ್‌ನಲ್ಲಿ 26 ಮಷಿನ್ ಇವೆ. 16 ಹಳೇವು: ಲೆಗಸಿ ಬಯೋಸ್ (ಹಳೇ ಬೂಟ್ ಪದ್ಧತಿ), 500 ಜಿಬಿ ಹಾರ್ಡ್‌ಡಿಸ್ಕ್. 10 ಹೊಸವು: ಯುಇಎಫ್‌ಐ (ಹೊಸ ಬೂಟ್ ಪದ್ಧತಿ), 256 ಜಿಬಿ ಎಸ್‌ಎಸ್‌ಡಿ. ಎಲ್ಲದರಲ್ಲೂ ವಿಂಡೋಸ್ 10 ಇದೆ. ಅದರ ಸಪೋರ್ಟ್ 2025ರ ಅಕ್ಟೋಬರ್‌ಗೆ ಮುಗಿಯಿತಲ್ಲ, ಹಾಗಾಗಿ ಜೊತೆಗೆ ಉಬುಂಟು ಹಾಕಿ ಡ್ಯುಯಲ್ ಬೂಟ್ ಮಾಡೋಣ ಅಂದೆ, ಪ್ರಿನ್ಸಿಪಾಲರು ಒಪ್ಪಿದರು. ವಿಂಡೋಸ್ ಪೂರ್ತಿ ತೆಗೆಯಲು ಆಗಲ್ಲ. ನುಡಿ, ಟ್ಯಾಲಿ ಎರಡನ್ನೂ ಅದರಲ್ಲೇ ಕಲಿಸಬೇಕು.

ಪೆನ್‌ಡ್ರೈವ್ ಹಿಡಿದುಕೊಂಡು 26 ಮಷಿನ್ ಸುತ್ತುವುದು ಬೇಡ ಅಂತ ಒಂದು ಹಳೇ ಐ5 ಮಷಿನ್‌ಗೆ (8 ಜಿಬಿ ರ‍್ಯಾಮ್, 1 ಟಿಬಿ ಡಿಸ್ಕ್) ಡೆಬಿಯನ್ 12 ಲಿನಕ್ಸ್ ಹಾಕಿ, ಅದರ ಮೇಲೆ ಫಾಗ್ (ಒಂದು ಮಷಿನ್‌ನ ಡಿಸ್ಕ್‌ನ ನಕಲು, ಅಂದರೆ ಇಮೇಜ್, ತೆಗೆದು ನೆಟ್‌ವರ್ಕ್ ಮೂಲಕ ಉಳಿದವಕ್ಕೆ ಹಾಕುವ ಸಾಫ್ಟ್‌ವೇರ್) ಇನ್‌ಸ್ಟಾಲ್ ಮಾಡಿದ್ದೇನೆ. ವೆಬ್ ಪೇಜ್ ತೆರೆಯುತ್ತದೆ, ಲಾಗಿನ್ ಆಗುತ್ತದೆ. ಆದರೆ ಲ್ಯಾಬ್ ಮಷಿನ್ ನೆಟ್‌ವರ್ಕ್ ಬೂಟ್ (ಪಿಎಕ್ಸ್‌ಇ) ಮಾಡಿದರೆ ಐಪಿ ತಗೊಂಡು, ಆಮೇಲೆ "ಪಿಎಕ್ಸ್‌ಇ-ಇ53: ನೋ ಬೂಟ್ ಫೈಲ್‌ನೇಮ್ ರಿಸೀವ್ಡ್" ಅಂತ ಹೇಳಿ ನಿಲ್ಲುತ್ತದೆ.

ಡಿಎಚ್‌ಸಿಪಿ ಕೊಡುವ, ಅಂದರೆ ಮಷಿನ್‌ಗಳಿಗೆ ಐಪಿ ಹಂಚುವ ರೂಟರ್ ಆಫೀಸ್ ರೂಮಿನಲ್ಲಿದೆ. ಅದರ ಪಾಸ್‌ವರ್ಡ್ ನಮ್ಮ ಹತ್ತಿರ ಇಲ್ಲ. ಹಾಜರಾತಿಯ ಬಯೋಮೆಟ್ರಿಕ್ ಕೂಡ ಅದೇ ನೆಟ್‌ವರ್ಕ್‌ನಲ್ಲಿ ಇರುವುದರಿಂದ ಅದನ್ನು ಯಾರೂ ಮುಟ್ಟಬಾರದು ಅಂತ ಹೇಳಿದ್ದಾರೆ. ಇನ್‌ಸ್ಟಾಲರ್ ಕೇಳಿದಾಗ ಫಾಗ್‌ನ ಡಿಎಚ್‌ಸಿಪಿ ಬೇಡ ಅಂತಲೇ ಕೊಟ್ಟಿದ್ದೇನೆ. ಈ ಪರಿಸ್ಥಿತಿಯಲ್ಲಿ ದಾರಿ ಇದೆಯಾ? 26ಕ್ಕೂ ಒಂದೇ ಇಮೇಜ್ ನಡೆಯುತ್ತದೆಯಾ?


ಶಹಾಪುರ_ಸರ್ವಿಸ್ (ಯಾದಗಿರಿ ಜಿಲ್ಲೆ)

ಸರ್, ನಾನು ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಅನುಭವದಲ್ಲಿ ಇಷ್ಟಕ್ಕೆ ಫಾಗ್ ಜಾಸ್ತಿ ಆಯಿತು. ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾ ಲೈವ್ ಒಂದು ಪೆನ್‌ಡ್ರೈವ್‌ಗೆ ಹಾಕಿ. ಅದರಲ್ಲೇ ಲೈಟ್ ಸರ್ವರ್ ಅಂತ ಆಯ್ಕೆ ಇದೆ, ಅದೂ ನೆಟ್‌ವರ್ಕ್ ಮೇಲೆ ಮಲ್ಟಿಕಾಸ್ಟ್ (ಎಲ್ಲಾ ಮಷಿನ್‌ಗೂ ಒಟ್ಟಿಗೆ ಕಳಿಸುವುದು) ಮಾಡುತ್ತದೆ. ಸರ್ವರ್ ಅಂತ ಬೇರೆ ಮಷಿನ್ ಕಾಯಂ ಇಡುವುದೇ ಬೇಡ. ಕೆಲಸ ಮುಗಿದ ಮೇಲೆ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡರಾಯಿತು.


ಲ್ಯಾಬ್_ಮೇಡಂ (ಕಲಬುರಗಿ)

ಶಹಾಪುರದ ಅಣ್ಣ ಹೇಳಿದ್ದು ಸರಿ ಇದೆ. ವರ್ಷಕ್ಕೊಮ್ಮೆ ಇಮೇಜ್ ಹಾಕುವವರಿಗೆ ಕ್ಲೋನ್‌ಜಿಲ್ಲಾ ಸಾಕು. ಆದರೆ ಐಟಿಐ ಲ್ಯಾಬ್ ಅಂದರೆ ಪ್ರತಿ ವಾರ ಒಂದೋ ಎರಡೋ ಮಷಿನ್ ಕೆಡುತ್ತವೆ. ಆಗ ಆ ಮಷಿನ್ ಹೆಸರಿನ ಮೇಲೆ ಒತ್ತಿ ಡಿಪ್ಲಾಯ್ (ಇಮೇಜ್ ಹಾಕು) ಅಂತ ಕೊಟ್ಟು, ಪಾಠ ಮುಂದುವರಿಸುವ ಹಾಗೆ ಇರಬೇಕು. ಅದು ಫಾಗ್‌ನಿಂದ ಆಗುತ್ತದೆ. ಇಲ್ಲಿ ಕಲಬುರಗಿಯಲ್ಲಿ ನಾನು ನೋಡಿಕೊಳ್ಳುವ ಲ್ಯಾಬ್‌ಗೆ ಹಳ್ಳಿಗಳಿಂದ ಬೆಳಗಿನ ಬಸ್ ಹಿಡಿದು ಹುಡುಗಿಯರು ಬರುತ್ತಾರೆ. ಮನೆಯಲ್ಲಿ ಯಾರ ಹತ್ತಿರವೂ ಕಂಪ್ಯೂಟರ್ ಇಲ್ಲ. ಒಂದು ಮಷಿನ್ ಕೆಟ್ಟು ಕೂತರೆ ಇಬ್ಬರು ಒಂದು ಕೀಬೋರ್ಡ್ ಹಂಚಿಕೊಳ್ಳಬೇಕು, ಅದರಲ್ಲಿ ಒಬ್ಬಳು ಸುಮ್ನೆ ನೋಡುತ್ತಾ ಕೂರುತ್ತಾಳೆ. ಅದಕ್ಕೇ ನಾನು ಫಾಗ್ ಬಿಡುವುದಿಲ್ಲ.

ಸರ್, ಇ53 ಬಂದಿದ್ದಕ್ಕೆ ಚಿಂತೆ ಬೇಡ. ಐಪಿ ಸಿಕ್ಕಿದೆ, ಯಾವ ಫೈಲ್ ಬೂಟ್ ಮಾಡಬೇಕು ಅಂತ ಯಾರೂ ಹೇಳಿಲ್ಲ, ಇಷ್ಟೇ. ಕೇಬಲ್, ಸ್ವಿಚ್, ಕಾರ್ಡ್ ಎಲ್ಲ ಕೆಲಸ ಮಾಡುತ್ತಿವೆ. ಇ51 ಬಂದರೆ ಡಿಎಚ್‌ಸಿಪಿಯೇ ಸಿಕ್ಕಿಲ್ಲ ಅಂತ ಅರ್ಥ. ಇ32 ಬಂದರೆ ಟಿಎಫ್‌ಟಿಪಿ (ಬೂಟ್ ಫೈಲ್ ಕಳಿಸುವ ಸೇವೆ) ಉತ್ತರ ಕೊಡುತ್ತಿಲ್ಲ, ಹೆಚ್ಚಾಗಿ ಫೈರ್‌ವಾಲ್ ಅಡ್ಡ ಬಂದಿರುತ್ತದೆ. ಈ ಮೂರು ನಂಬರ್ ನೆನಪಿಟ್ಟುಕೊಂಡರೆ ಎಲ್ಲಿ ಹುಡುಕಬೇಕು ಅಂತ ತಾನಾಗಿ ಗೊತ್ತಾಗುತ್ತದೆ.

ರೂಟರ್ ಕೈಯಲ್ಲಿದ್ದರೆ ಡಿಎಚ್‌ಸಿಪಿಯ 66ನೇ ಆಪ್ಶನ್‌ನಲ್ಲಿ ಸರ್ವರ್ ಐಪಿ, 67ರಲ್ಲಿ ಫೈಲ್ ಹೆಸರು ಕೊಟ್ಟರೆ ಮುಗಿಯುತ್ತಿತ್ತು. ನಿಮಗೆ ಆ ದಾರಿ ಇಲ್ಲ. ಫಾಗ್ ಸರ್ವರ್ ಮೇಲೆಯೇ ಡಿಎನ್‌ಎಸ್‌ಮಾಸ್ಕ್ ಅನ್ನುವ ಸಣ್ಣ ಪ್ರೋಗ್ರಾಂ ಹಾಕಿ, ಪ್ರಾಕ್ಸಿ ಡಿಎಚ್‌ಸಿಪಿ ಆಗಿ ಓಡಿಸಿ. ಐಪಿ ಹಂಚುವ ಕೆಲಸ ರೂಟರ್ ತನ್ನ ಪಾಡಿಗೆ ಮಾಡಿಕೊಂಡಿರುತ್ತದೆ. ಡಿಎನ್‌ಎಸ್‌ಮಾಸ್ಕ್ ಬೂಟ್ ಫೈಲ್ ಎಲ್ಲಿದೆ ಅಂತ ಮಾತ್ರ ಹೇಳುತ್ತದೆ, ಒಂದು ಐಪಿಯನ್ನೂ ಹಂಚುವುದಿಲ್ಲ. ಬಯೋಮೆಟ್ರಿಕ್‌ಗೆ ಏನೂ ಆಗಲ್ಲ. ಫಾಗ್‌ನ ಡಿಎಚ್‌ಸಿಪಿ ಬೇಡ ಅಂದಿರಲ್ಲ, ಅದು ತುಂಬಾ ಒಳ್ಳೇದಾಯಿತು. ಒಂದೇ ನೆಟ್‌ವರ್ಕ್‌ನಲ್ಲಿ ಎರಡು ಡಿಎಚ್‌ಸಿಪಿ ಸರ್ವರ್ ಐಪಿ ಹಂಚಲು ಶುರು ಮಾಡಿದರೆ ಯಾವ ಮಷಿನ್ ಯಾರ ಮಾತು ಕೇಳುತ್ತದೆ ಅಂತ ಹೇಳಲು ಬರುವುದಿಲ್ಲ, ಇಡೀ ಆಫೀಸ್ ನಿಲ್ಲುತ್ತದೆ.

ಕಾನ್ಫಿಗ್ ಫೈಲ್ ಚಿಕ್ಕದು. ಮೊದಲ ಸಾಲಿನಲ್ಲಿ ಪೋರ್ಟ್ 0 ಅಂತ ಕೊಡಿ. ಆಗ ಅದು ಡಿಎನ್‌ಎಸ್ (ಹೆಸರಿನಿಂದ ಐಪಿ ಹುಡುಕುವ) ಕೆಲಸಕ್ಕೆ ಕೈ ಹಾಕುವುದಿಲ್ಲ, 53ನೇ ಪೋರ್ಟ್‌ಗೆ ಜಗಳ ಇರಲ್ಲ. ಡಿಎಚ್‌ಸಿಪಿ ರೇಂಜ್ ಸಾಲಿನಲ್ಲಿ ಸರ್ವರ್ ಐಪಿ ಬರೆದು, ಅಲ್ಪವಿರಾಮ ಹಾಕಿ, ಪ್ರಾಕ್ಸಿ ಅಂತ ಬರೆಯಿರಿ. ಆ ಪದ ಬಿಟ್ಟುಹೋಗಬಾರದು. ಆಮೇಲೆ ಹಳೇ ಬಯೋಸ್ ಮಷಿನ್‌ಗಳಿಗೆ ಅನ್‌ಡಿಯೊನ್ಲಿ ಡಾಟ್ ಕೆಪಿಎಕ್ಸ್‌ಇ, ಯುಇಎಫ್‌ಐ ಮಷಿನ್‌ಗಳಿಗೆ ಐಪಿಎಕ್ಸ್‌ಇ ಡಾಟ್ ಇಎಫ್‌ಐ ಹೋಗುವ ಹಾಗೆ ಬೇರೆ ಬೇರೆ ಸಾಲು. ಫೈರ್‌ವಾಲ್ ಇದ್ದರೆ ಯುಡಿಪಿ 67, 69, 4011 ಬಿಡಿ.

ಸರ್ವರ್‌ಗೆ ಸ್ಥಿರ ಐಪಿ ಇರಲಿ. ಫಾಗ್ ತನ್ನ ಐಪಿಯನ್ನು ಸೆಟ್ಟಿಂಗ್‌ನಲ್ಲಿ, ಡೇಟಾಬೇಸ್‌ನಲ್ಲಿ ಬರೆದುಕೊಂಡಿರುತ್ತದೆ. ನಾಳೆ ಐಪಿ ಬದಲಾದರೆ ಎಲ್ಲಾ ಕಡೆ ಹುಡುಕಿ ತಿದ್ದಬೇಕು. ರೂಟರ್ ಹಂಚುವ ರೇಂಜ್‌ನ ಹೊರಗಿನ ಒಂದು ನಂಬರ್ ಕೇಳಿ ತಗೊಳ್ಳಿ. ಅಷ್ಟು ಹೇಳಲು ಆಫೀಸಿನವರು ಬೇಡ ಅನ್ನಲಿಕ್ಕಿಲ್ಲ.

26ಕ್ಕೂ ಒಂದೇ ಇಮೇಜ್ ನಡೆಯಲ್ಲ. ಡಿಸ್ಕ್ ಭಾಗ ಮಾಡುವ ಪದ್ಧತಿ ಬಯೋಸ್‌ನದು ಎಂಬಿಆರ್, ಯುಇಎಫ್‌ಐನದು ಜಿಪಿಟಿ, ಬೂಟ್ ಆಗುವ ರೀತಿಯೇ ಬೇರೆ. ಡಿಸ್ಕ್ ಅಳತೆಯೂ ಬೇರೆ. ಎರಡು ಇಮೇಜ್ ಮಾಡಿ, ಎರಡು ಗ್ರೂಪ್ ಮಾಡಿ. ಡ್ಯುಯಲ್ ಬೂಟ್‌ಗೆ ನಾನಾದರೆ ಸಿಂಗಲ್ ಡಿಸ್ಕ್, ನಾಟ್ ರಿಸೈಜಬಲ್ ಬಗೆಯನ್ನೇ ಆರಿಸುತ್ತೇನೆ. ಎರಡು ಓಎಸ್ ಇರುವ ಡಿಸ್ಕ್‌ನ ಪಾರ್ಟಿಶನ್ ಕುಗ್ಗಿಸಿ ಹಿಗ್ಗಿಸುವುದಕ್ಕಿಂತ ಇದ್ದದ್ದು ಇದ್ದ ಹಾಗೆ ಹೋಗುವುದು ನೆಮ್ಮದಿ. ಹಾಕುವ ಡಿಸ್ಕ್ ಮಾತ್ರ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದು ಇರಬೇಕು. 256 ಜಿಬಿ ಅಂತ ಬರೆದ ಎಲ್ಲ ಎಸ್‌ಎಸ್‌ಡಿ ಒಂದೇ ಅಳತೆ ಇರುವುದಿಲ್ಲ. ಇರುವುದರಲ್ಲಿ ಚಿಕ್ಕದನ್ನು ಮೂಲ ಮಷಿನ್ ಮಾಡಿ.

ಇನ್ನು ಮೂಲ ಮಷಿನ್ ತಯಾರಿ. ನಿಮ್ಮ ಸಮಯದ ಅರ್ಧ ಇಲ್ಲಿ ಹೋಗಲಿ, ನಷ್ಟ ಇಲ್ಲ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಅರ್ಧ ಮಲಗಿದ ಸ್ಥಿತಿಯಲ್ಲಿ ಇರುತ್ತದೆ, ಫಾಗ್ ಒಳಗೆ ನಕಲು ತೆಗೆಯುವ ಪಾರ್ಟ್‌ಕ್ಲೋನ್ ಅದನ್ನು ಓದಲು ತಕರಾರು ಮಾಡುತ್ತದೆ. ಬಿಟ್‌ಲಾಕರ್ (ಡಿಸ್ಕ್ ಎನ್‌ಕ್ರಿಪ್ಟ್ ಮಾಡುವುದು) ಇದೆಯಾ ನೋಡಿ, ಇದ್ದರೆ ತೆಗೆಯಿರಿ. ಪಾರ್ಟ್‌ಕ್ಲೋನ್‌ನ ಗುಣವೇ ಬಳಸಿದ ಬ್ಲಾಕ್ ಮಾತ್ರ ತೆಗೆಯುವುದು. ಎನ್‌ಕ್ರಿಪ್ಟ್ ಆದ ಡಿಸ್ಕ್‌ನಲ್ಲಿ ಯಾವುದು ಬಳಸಿದ್ದು, ಯಾವುದು ಖಾಲಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನುಡಿ, ಟ್ಯಾಲಿ, ಪ್ರಿಂಟರ್ ಎಲ್ಲಾ ಹಾಕಿ, ಒಮ್ಮೆ ಕನ್ನಡದಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದು ನೋಡಿ, ಕೊನೆಗೆ ಸಿಸ್‌ಪ್ರೆಪ್ (ನಕಲಿಗೆ ವಿಂಡೋಸ್ ಸಿದ್ಧ ಮಾಡುವ ಟೂಲ್) ಓಡಿಸಿ. ಉಬುಂಟುವಿನಲ್ಲಿ ಐಬಸ್‌ಗೆ (ಭಾಷೆಗಳ ಕೀಬೋರ್ಡ್ ನೋಡಿಕೊಳ್ಳುವ ಪ್ರೋಗ್ರಾಂ) ಕೆಜಿಪಿ (ಕಗಪ) ಕೀಬೋರ್ಡ್ ಸೇರಿಸಿ. ನುಡಿ ಕಲಿತ ಬೆರಳು ಅಲ್ಲೂ ಹಾಗೇ ಓಡುತ್ತದೆ, ಮಕ್ಕಳಿಗೆ ಲಿನಕ್ಸ್ ಅಂತ ಭಯ ಇರಲ್ಲ.

ಇಮೇಜಸ್ ಫೋಲ್ಡರ್‌ಗೆ ಬೇರೆ ಡಿಸ್ಕ್ ಹಾಕುವ ಯೋಚನೆ ಇದ್ದರೆ ಮೊದಲು ಮೌಂಟ್ ಮಾಡಿ, ಆಮೇಲೆ ಇನ್‌ಸ್ಟಾಲರ್ ಇನ್ನೊಮ್ಮೆ ಓಡಿಸಿ. ಅದರೊಳಗೆ ಡಾಟ್ ಎಂಎನ್‌ಟಿಚೆಕ್ ಅಂತ ಒಂದು ಅಡಗಿದ ಖಾಲಿ ಫೈಲ್ ಇರಬೇಕು. ಅದಿಲ್ಲದೆ ಕ್ಲೈಂಟ್ (ಲ್ಯಾಬ್ ಮಷಿನ್) ಮುಂದೆ ಹೋಗುವುದಿಲ್ಲ. ಇನ್‌ಸ್ಟಾಲರ್ ಅದನ್ನು ತಾನೇ ಇಡುತ್ತದೆ.


ಕಾರಂಜಾ_ದಂಡೆ (ಭಾಲ್ಕಿ)

ಮೇಡಂ, ತುಂಬಾ ಉಪಕಾರ ಆಯಿತು. ಪ್ರಾಕ್ಸಿ ಹಾಕಿದ ತಕ್ಷಣ ಹಳೇ ಮಷಿನ್‌ನಲ್ಲಿ ಫಾಗ್ ಮೆನು ಬಂತು. ಬಯೋಮೆಟ್ರಿಕ್ ಎಂದಿನಂತೆ ನಡೆಯುತ್ತಿದೆ. ಹಳೇದರ ಇಮೇಜ್ ಕ್ಯಾಪ್ಚರ್ ಆಯಿತು, ಕಂಪ್ರೆಸ್ ಆಗಿ ಹತ್ತಿರ ಹತ್ತಿರ 25 ಜಿಬಿ.

ಎರಡು ವಿಷಯ ಉಳಿದಿವೆ. ಹೊಸ ಮಷಿನ್‌ಗಳು "ಐಪಿಎಕ್ಸ್‌ಇ ಇನಿಶಿಯಲೈಸಿಂಗ್ ಡಿವೈಸಸ್" ಅಂತ ತೋರಿಸಿ ಅಲ್ಲೇ ನಿಲ್ಲುತ್ತವೆ. ಸೆಕ್ಯೂರ್ ಬೂಟ್ ಆಫ್ ಇದೆ. ಕಾರ್ಡ್ ರಿಯಲ್‌ಟೆಕ್.

ಎರಡನೇದು: ಒಂದೇ ಮಷಿನ್‌ಗೆ ಹಾಕಿದಾಗ ಪಾರ್ಟ್‌ಕ್ಲೋನ್ ಪರದೆಯಲ್ಲಿ ನಿಮಿಷಕ್ಕೆ 5 ಜಿಬಿ ತೋರಿಸಿತು. 16 ಮಷಿನ್‌ಗೆ ಮಲ್ಟಿಕಾಸ್ಟ್ ಕೊಟ್ಟರೆ ನಿಮಿಷಕ್ಕೆ 1.2 ಜಿಬಿಗೆ ಇಳಿಯಿತು. ಎಲ್ಲದರಲ್ಲೂ ಅಷ್ಟೇ. ಸ್ವಿಚ್ ಗಿಗಾಬಿಟ್‌ನದೇ. ಮಷಿನ್ ಜಾಸ್ತಿ ಆದರೆ ಹೀಗೇನಾ?


ಲ್ಯಾಬ್_ಮೇಡಂ (ಕಲಬುರಗಿ)

ಮೊದಲನೇದು ಸುಲಭ. ಯುಇಎಫ್‌ಐ ಸಾಲಿನಲ್ಲಿ ಐಪಿಎಕ್ಸ್‌ಇ ಡಾಟ್ ಇಎಫ್‌ಐ ಬದಲು ಎಸ್‌ಎನ್‌ಪಿಓನ್ಲಿ ಡಾಟ್ ಇಎಫ್‌ಐ ಕೊಡಿ. ಅದು ತನ್ನ ಡ್ರೈವರ್ ಬಿಟ್ಟು ಮದರ್‌ಬೋರ್ಡ್ ಫರ್ಮ್‌ವೇರ್‌ನ ಡ್ರೈವರ್ ಬಳಸುತ್ತದೆ. ರಿಯಲ್‌ಟೆಕ್‌ನಲ್ಲಿ ಬಹಳ ಸಲ ಇದೇ ಕೈಹಿಡಿಯುತ್ತದೆ.

ಎರಡನೇದು ಮಷಿನ್ ಎಣಿಕೆಯಿಂದ ಆಗಿದ್ದಲ್ಲ. ಯೂನಿಕಾಸ್ಟ್‌ನಲ್ಲಿ ಸರ್ವರ್ ಪ್ರತಿ ಮಷಿನ್‌ಗೆ ಬೇರೆ ಬೇರೆ ಕಳಿಸಬೇಕು: 16 ಸಲ 25 ಅಂದರೆ 400 ಜಿಬಿ. ಗಿಗಾಬಿಟ್‌ನಲ್ಲೂ ಒಂದು ತಾಸು ಬೇಕು. ಮಲ್ಟಿಕಾಸ್ಟ್‌ನಲ್ಲಿ ಕಳಿಸುವುದು ಒಂದೇ ಸಲ, ಎಲ್ಲರೂ ಒಟ್ಟಿಗೆ ತಗೊಳ್ಳುತ್ತಾರೆ. ಆದರೆ ಅದಕ್ಕೆ ಒಂದು ಷರತ್ತು ಇದೆ. ಎಲ್ಲರಿಗಿಂತ ನಿಧಾನ ಇರುವ ಮಷಿನ್‌ನ ವೇಗವೇ ಎಲ್ಲರ ವೇಗ. ನಿಮ್ಮ 1.2 ನೋಡಿದರೆ ಯಾವುದೋ ಒಂದು ಮಷಿನ್ 100 ಎಂಬಿಪಿಎಸ್‌ನಲ್ಲಿ ಲಿಂಕ್ ಆಗಿದೆ. ಆ ವೇಗದಲ್ಲಿ ತಂತಿ ಮೇಲೆ ಸೆಕೆಂಡಿಗೆ 12 ಎಂಬಿ ಹೋಗುವುದೇ ಹೆಚ್ಚು. ಕಂಪ್ರೆಸ್ ಬಿಚ್ಚಿದ ಮೇಲೆ ಪರದೆ ತೋರಿಸುವ ಲೆಕ್ಕ ಸರಿಯಾಗಿ ಅಲ್ಲಿಗೇ ಬರುತ್ತದೆ.

ಎಲ್ಲ 16 ಮಷಿನ್ ಆನ್ ಮಾಡಿ ಸ್ವಿಚ್ ಮುಂದೆ ನಿಂತು ದೀಪ ನೋಡಿ. ಗಿಗಾಬಿಟ್‌ಗೂ 100ಕ್ಕೂ ದೀಪ ಬೇರೆ ಇರುತ್ತದೆ, ಸ್ವಿಚ್ ಮೇಲೆಯೇ ಬರೆದಿರುತ್ತಾರೆ. ಒಂದು ಪೋರ್ಟ್ ಬೇರೆ ಥರ ಕಂಡರೆ ಆ ಮಷಿನ್‌ನಲ್ಲಿ ಉಬುಂಟು ಬೂಟ್ ಮಾಡಿ, ಈಥ್‌ಟೂಲ್ ಕಮಾಂಡ್ ಕೊಟ್ಟು ಸ್ಪೀಡ್ ಓದಿ. 100 ಅಂತ ಇದ್ದರೆ ಅಲ್ಲೇ ಕೇಬಲ್ ಹಿಡಿಯಿರಿ. 100ಕ್ಕೆ ಎರಡು ಜೋಡಿ ತಂತಿ ಸಾಕು, ಕಿತ್ತಳೆ ಮತ್ತು ಹಸಿರು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ನೀಲಿ ಜೋಡಿಯಲ್ಲೋ ಕಂದು ಜೋಡಿಯಲ್ಲೋ ಒಂದು ಎಳೆ ತುಂಡಾದರೂ ಲಿಂಕ್ ಸತ್ತುಹೋಗುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಇಂಟರ್‌ನೆಟ್ ನೋಡುವವರಿಗೆ ಫರಕ್ ಗೊತ್ತಾಗಲ್ಲ. ಹಾಗಾಗಿ ವರ್ಷಗಟ್ಟಲೆ ಯಾರೂ ಗಮನಿಸಿರುವುದಿಲ್ಲ.

ಇನ್ನೊಂದು, ಮಲ್ಟಿಕಾಸ್ಟ್ ಪಾಠದ ಸಮಯದಲ್ಲಿ ಬೇಡ. ಮ್ಯಾನೇಜ್ಡ್ ಅಲ್ಲದ ಸ್ವಿಚ್ ಆ ಟ್ರಾಫಿಕ್ ಎಲ್ಲಾ ಪೋರ್ಟ್‌ಗೂ ಎಸೆಯುತ್ತದೆ, ಆಫೀಸ್ ಕಡೆಗೂ ಹೋಗುತ್ತದೆ. ಬೆಳಗ್ಗೆ ಬೇಗ ಮುಗಿಸಿ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳೇ 8ಕ್ಕೆ ಶುರುವಾಗುತ್ತವೆ, ಹಾಗಾಗಿ ಅದಕ್ಕೂ ಮುಂಚೆ. ಆ ಬಿಸಿಲಲ್ಲಿ ಮಧ್ಯಾಹ್ನ ಹಳೇ ಹಾರ್ಡ್‌ಡಿಸ್ಕ್‌ಗಳನ್ನು ಒಟ್ಟಿಗೆ ದುಡಿಸುವುದೂ ಒಳ್ಳೇದಲ್ಲ.

ಸರ್ವರ್ ಮತ್ತು ಸ್ವಿಚ್ ಎರಡಕ್ಕೂ ಯುಪಿಎಸ್ ಕೊಡಿ. ಕ್ಯಾಪ್ಚರ್ ಮಧ್ಯೆ ಕರೆಂಟ್ ಹೋದರೂ ಹಳೇ ಇಮೇಜ್ ಹಾಳಾಗುವುದಿಲ್ಲ. ಹೊಸದು ಮೊದಲು ಇಮೇಜಸ್ ಒಳಗಿನ ಡೆವ್ ಫೋಲ್ಡರ್‌ಗೆ ಬರೆದು, ಪೂರ್ತಿ ಆದ ಮೇಲೆ ತನ್ನ ಜಾಗಕ್ಕೆ ಹೋಗುತ್ತದೆ. ಆದರೆ ಮಾಡಿದ ಕೆಲಸ ಮತ್ತೆ ಮಾಡಬೇಕಲ್ವಾ.


ಶಹಾಪುರ_ಸರ್ವಿಸ್ (ಯಾದಗಿರಿ ಜಿಲ್ಲೆ)

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಉಬುಂಟು ಇಮೇಜ್ ತೆಗೆಯುವ ಮುಂಚೆ ಇಟಿಸಿ ಫೋಲ್ಡರ್‌ನ ಮಷಿನ್-ಐಡಿ ಫೈಲ್ ಖಾಲಿ ಮಾಡಿ. ಅಳಿಸಬೇಡಿ, ಖಾಲಿ ಮಾಡಿದರೆ ಸಾಕು, ಮುಂದಿನ ಬೂಟ್‌ನಲ್ಲಿ ಹೊಸದು ಹುಟ್ಟುತ್ತದೆ. ಆ ಐಡಿ ತೋರಿಸಿ ಐಪಿ ಕೇಳುವ ಲಿನಕ್ಸ್‌ಗಳಲ್ಲಿ ಎರಡು ಮಷಿನ್‌ಗೆ ಒಂದೇ ಐಪಿ ಬಂದು ಗೋಳಾಡಿಸುತ್ತದೆ. ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸೇವೆ) ಹಾಕಿದ್ದರೆ ಅದರ ಹೋಸ್ಟ್ ಕೀಗಳನ್ನೂ ಪ್ರತಿ ಮಷಿನ್‌ನಲ್ಲಿ ಹೊಸದಾಗಿ ಮಾಡಿ.


ಕಾರಂಜಾ_ದಂಡೆ (ಭಾಲ್ಕಿ)

ಸಿಕ್ಕಿತು ಮೇಡಂ. ಗೋಡೆ ಪಕ್ಕದ ಸಾಲಿನ ಕೊನೇ ಮಷಿನ್. ಕೇಬಲ್ ಮೇಜಿನ ಕಬ್ಬಿಣದ ಕಾಲಿನ ಕೆಳಗೆ ಸಿಕ್ಕಿ ಚಪ್ಪಟೆ ಆಗಿತ್ತು. ಸಿಪ್ಪೆ ಬಿಡಿಸಿ ನೋಡಿದರೆ ಕಂದು ಜೋಡಿಯ ಒಂದು ಎಳೆ ತುಂಡು. ಆ ಭಾಗ ಕತ್ತರಿಸಿ ಹೊಸ ಜ್ಯಾಕ್ ಕ್ರಿಂಪ್ ಮಾಡಿದೆ. ಮಲ್ಟಿಕಾಸ್ಟ್ ಈಗ ನಿಮಿಷಕ್ಕೆ 4 ಜಿಬಿ ಮೇಲೆ ಓಡುತ್ತಿದೆ. ಹೊಸ ಮಷಿನ್‌ಗಳಿಗೂ ಎಸ್‌ಎನ್‌ಪಿಓನ್ಲಿಯಿಂದ ಮೆನು ಬಂತು. ಶಹಾಪುರದ ಅಣ್ಣ, ಮಷಿನ್-ಐಡಿ ಖಾಲಿ ಮಾಡಿ ಹಳೇದರ ಇಮೇಜ್ ಮತ್ತೆ ತೆಗೆದೆ. ಹೊಸದಕ್ಕೆ ಟ್ಯಾಲಿ ಹಾಕುವುದು ಬಾಕಿ ಇದೆ, ಅದಾದ ಮೇಲೆ ಕ್ಯಾಪ್ಚರ್.


ಲ್ಯಾಬ್_ಮೇಡಂ (ಕಲಬುರಗಿ)

ತುಂಬಾ ಖುಷಿ ಆಯಿತು ಸರ್. ಮಕ್ಕಳು ಲ್ಯಾಬ್‌ಗೆ ಬರುವ ಮುಂಚೆ ಫಾಗ್‌ನ ಪಾಸ್‌ವರ್ಡ್ ಬದಲಿಸಿ. ಮೊದಲಿಗೆ ಇರುವುದು ಯೂಸರ್ ಫಾಗ್, ಪಾಸ್‌ವರ್ಡ್ ಅಂದರೆ ಪಾಸ್‌ವರ್ಡ್ ಅನ್ನುವ ಪದವೇ. ಯಾರಾದರೂ ನೆಟ್‌ನಲ್ಲಿ ಹುಡುಕಿ ಡಿಪ್ಲಾಯ್ ಒತ್ತಿದರೆ ಮಷಿನ್ ಖಾಲಿ ಆಗುತ್ತದೆ. ಮಷಿನ್‌ಗಳ ಬೂಟ್ ಕ್ರಮದಲ್ಲಿ ನೆಟ್‌ವರ್ಕ್ ಮೊದಲು ಇಟ್ಟುಬಿಡಿ. ಕೆಲಸ ಕೊಟ್ಟಿಲ್ಲ ಅಂದರೆ ಮೆನು ಕೆಲವು ಸೆಕೆಂಡ್ ನಿಂತು ತಾನಾಗಿ ಹಾರ್ಡ್‌ಡಿಸ್ಕ್‌ಗೆ ಹೋಗುತ್ತದೆ. ಇಮೇಜಸ್ ಫೋಲ್ಡರ್‌ನ ಒಂದು ಕಾಪಿ ಬೇರೆ ಡಿಸ್ಕ್‌ಗೆ ತೆಗೆದು ಬೀರುವಿನಲ್ಲಿ ಇಡಿ. ಹೊಸ ಮಷಿನ್‌ಗಳ ಕ್ಯಾಪ್ಚರ್‌ನಲ್ಲಿ ಎಲ್ಲಾದರೂ ನಿಂತರೆ ಪರದೆಯ ಫೋಟೋ ಇಲ್ಲೇ ಹಾಕಿ, ನೋಡೋಣ.