15 ಸಾವಿರದೊಳಗೆ ಇಂಟರ್‌ವ್ಯೂ ಶೂಟಿಂಗ್‌ಗೆ ಎಲ್‌ಇಡಿ ಲೈಟ್ ಯಾವುದು ತಗೊಳ್ಳೋದು?

ಜಗಲಿಕಟ್ಟೆ

ಎಲ್ರಿಗೂ ನಮಸ್ಕಾರ. ನಮ್ದು ಉತ್ತರ ಕನ್ನಡದ ಸಿದ್ದಾಪುರ ಕಡೆ ಹಳ್ಳಿ. ನಾನು ನಮ್ಮ ಭಾವ ಇಬ್ರೂ ಸೇರ್ಕೊಂಡು ನಮ್ಮ ಸುತ್ತಮುತ್ತಲಿನ ವಯಸ್ಸಾದ ಯಕ್ಷಗಾನ ಕಲಾವಿದರು, ತಾಳಮದ್ದಳೆ ಅರ್ಥಧಾರಿಗಳು, ಮದ್ದಳೆಯವ್ರು, ಇವರನ್ನೆಲ್ಲ ಅವರವರ ಮನೇಲೇ ಮಾತಾಡ್ಸಿ ರೆಕಾರ್ಡ್ ಮಾಡಿಡೋ ಕೆಲ್ಸ ಶುರು ಮಾಡಿದೀವಿ. ಕ್ಯಾಮೆರಾ ಅಂದ್ರೆ ನನ್ನ ಫೋನು, ಮತ್ತೆ ಭಾವನ ಹಳೇ ಮಿರರ್‌ಲೆಸ್, ಅದರ ಜೊತೆ ಬಂದ ಕಿಟ್ ಲೆನ್ಸು ಅಷ್ಟೆ.

ಸಮಸ್ಯೆ ಬೆಳಕಿಂದು. ಹೆಂಚಿನ ಮನೆ, ಮಾಡು ತಗ್ಗು, ಮಧ್ಯೆ ಒಂದೆರಡು ಗಾಜಿನ ಹೆಂಚು, ಗೋಡೆ ಮೇಲೊಂದು ಟ್ಯೂಬ್‌ಲೈಟ್. ಮಳೆಗಾಲದಲ್ಲಂತೂ ಮಧ್ಯಾಹ್ನ ಮೂರಕ್ಕೇ ಕತ್ತಲು. ಲೈಟ್ ಹಾಕದಿದ್ರೆ ವಿಡಿಯೋ ಪೂರ್ತಿ ಕಾಳು ಕಾಳು, ಟ್ಯೂಬ್ ಹಾಕಿದ್ರೆ ಸ್ಕ್ರೀನ್ ಮೇಲೆ ಪಟ್ಟಿ ಓಡ್ತಾವೆ, ಮುಖ ಬೇರೆ ಹಸಿರು ಹಸಿರಾಗಿ ಕಾಣತ್ತೆ. ಕರೆಂಟ್ ಕಥೆ ನಿಮಗೆ ಗೊತ್ತೇ ಇದೆ.

ಸ್ಟ್ಯಾಂಡು ಎಲ್ಲ ಸೇರಿ 15 ಸಾವಿರ ಒಟ್ಟು ಮಾಡಿದೀವಿ. ಆನ್‌ಲೈನಲ್ಲಿ ಮೂರು ಪ್ಯಾನೆಲ್‌ನ ಕಿಟ್ ಒಂದು ಅಗ್ಗಕ್ಕೆ ಸಿಗ್ತಾ ಇದೆ, ಒಂದೊಂದೂ 200 ವ್ಯಾಟ್, ಸಿಆರ್‌ಐ (ಬಣ್ಣ ಎಷ್ಟು ಸರಿಯಾಗಿ ಕಾಣತ್ತೆ ಅನ್ನೋ ಅಂಕ) 95 ಅಂತ ಬರ್ದಿದಾರೆ. ಇನ್ನೊಬ್ರು ರಿಂಗ್ ಲೈಟ್ ಸಾಕು ಅಂತಾರೆ. ಗೊತ್ತಿದ್ದವ್ರು ಸ್ವಲ್ಪ ಹೇಳಿ, ಒಂದ್ಸಲ ತಗೊಂಡ್ರೆ ಮತ್ತೆ ತಗೊಳ್ಳೋ ತಾಕತ್ತಿಲ್ಲ.

ಕ್ಯಾಮೆರಾ ಕಾಕಾ, ಹುಬ್ಬಳ್ಳಿ

ನೋಡ್ರಿ ಸರ, ನಾ ಮದುವಿ ಶೂಟಿಂಗ್ ಮಾಡಾಂವ. ಮೊದ್ಲ ಸನ್ ಗನ್ ಹಿಡ್ಕೊಂಡು ತಿರಗತಿದ್ವಿ, ಸಾವಿರ ವ್ಯಾಟಿನ ಹ್ಯಾಲೋಜನ್, ಮದುಮಗಳ ಮುಖದ ಮ್ಯಾಲಿನ ಪೌಡರ್ ಕರಗಿ ಇಳೀತಿತ್ತು. ಎಲ್‌ಇಡಿ ಬಂದು ಆ ತ್ರಾಸ ತಪ್ಪೇತಿ, ಆದ್ರ ಸುಳ್ಳು ಹೇಳೋರ ಕಾಟ ಹೆಚ್ಚಾಗೇತಿ.

ಆ 200 ವ್ಯಾಟ್ ನಂಬಬ್ಯಾಡ್ರಿ. ಲಿಸ್ಟಿಂಗ್‌ನಾಗ ಅಡಾಪ್ಟರ್ ಫೋಟೋ ಇದ್ರ ಝೂಮ್ ಮಾಡಿ ಓದ್ರಿ, ಔಟ್‌ಪುಟ್ ಅಂತ ಬರದಿರ್ತಾರ. 12 ವೋಲ್ಟ್ 3 ಆಂಪ್ ಅಂತಿದ್ರ ಗುಣಿಸಿದ್ರ 36 ವ್ಯಾಟ್ ಆತು. ಅಡಾಪ್ಟರ್ ಕೊಡೂದs ಅಷ್ಟು, ಉಳದದ್ದು ಎಲ್ಲಿಂದ ಬರ್ಬೇಕ್ರಿ? ಇನ್ನ ಬೈಕಲರ್ ಪ್ಯಾನೆಲ್ ಅಂದ್ರ ಅರ್ಧ ಹಳದಿ ಎಲ್‌ಇಡಿ ಅರ್ಧ ಬಿಳಿ, ಅಗ್ಗದ್ರಾಗ ಪೂರ್ತಿ ಬಿಳೀಗೆ ತಿರುವಿದ್ರ ಆ ಅರ್ಧನ ಉರಿತಾವ, ಹಳದಿ ಸುಮ್ನ ಕುಂತಿರ್ತಾವ. ಬಾಕ್ಸಿನ ಮ್ಯಾಲೆ ಮಾತ್ರ ಎಲ್ಲಾ ಎಣಿಸಿ ಬರೀತಾರ.

ಪಟ್ಟಿ ಓಡೂದಕ್ಕ ಹೊಸಾ ಲೈಟ್ ಬ್ಯಾಡ, ಸೆಟ್ಟಿಂಗ್ ಸಾಕು. ನಮ್ಮ ದೇಶದಾಗ ಕರೆಂಟ್ 50 ಹರ್ಟ್ಜ್, ಅದಕ್ಕ ಟ್ಯೂಬ್ ಸೆಕೆಂಡಿಗೆ 100 ಸಲ ಮಿಣುಕತೈತಿ, ಕಣ್ಣಿಗೆ ತಿಳಿಯಂಗಿಲ್ಲ, ಕ್ಯಾಮೆರಾಕ್ಕ ತಿಳೀತೈತಿ. ಫೋನು ಸೆಕೆಂಡಿಗೆ 30 ಫ್ರೇಮ್‌ನಾಗ ಇದ್ದು ಶಟರ್, ಅಂದ್ರ ಒಂದೊಂದು ಫ್ರೇಮಿಗೆ ಬೆಳಕು ತಗೊಳ್ಳೂ ಹೊತ್ತು, 1/60 ಸೆಕೆಂಡಿಗೆ ಹೋದ್ರ ಪಟ್ಟಿ ಬರೂದs. 25 ಫ್ರೇಮ್ ಇಡ್ರಿ, ಶಟರ್ 1/50 ಲಾಕ್ ಮಾಡ್ರಿ, ಮುಗೀತು. ಫೋನಿನ ಕ್ಯಾಮೆರಾದಾಗ ಆ ಆಪ್ಷನ್ ಇರಲಿಲ್ಲಂದ್ರ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಫ್ರೀ ಐತಿ, ಐಫೋನಿಗೂ ಐತಿ ಆಂಡ್ರಾಯ್ಡಿಗೂ ಐತಿ, ನಿಮ್ಮ ಫೋನಿಗೆ ನಡೀತೈತೇನ ನೋಡ್ಕೋರಿ.

ನಿಮ್ಮ ಕಡೆ ಕರೆಂಟ್ ಭರೋಸಾ ಇಲ್ಲಂದ್ರ ಬ್ಯಾಟರಿ ಹಾಕೂವಂಥ ಪ್ಯಾನೆಲ್ಲs ಛಲೋ. ಎನ್‌ಪಿ-ಎಫ್ ಬ್ಯಾಟರಿ, ದೊಡ್ಡ 970 ಸೈಜಿಂದು. 6600 ಎಂಎಎಚ್ ಇದ್ದು 7.4 ವೋಲ್ಟ್ ಅಂದ್ರ ಸುಮಾರು 49 ವ್ಯಾಟ್-ಅವರ್, 30 ವ್ಯಾಟಿನ ಲೈಟ್ ಫುಲ್ ಹಚ್ಚಿದ್ರ ಒಂದೂವರಿ ತಾಸು. ಡೂಪ್ಲಿಕೇಟ್ ಬ್ಯಾಟರಿ ಆದ್ರ ಅದ್ರಾಗ ಅರ್ಧ ತಿಳ್ಕೋರಿ.

ಲೈಟ್‌ಬಾಯ್ ಆಗಿದ್ದವ

ಕಾಕಾ ಹೇಳಿದ್ರಲ್ಲಿ ಮುಕ್ಕಾಲು ಭಾಗ ಒಪ್ತೀನಿ, ಪ್ಯಾನೆಲ್ ವಿಷ್ಯಕ್ಕೆ ಮಾತ್ರ ಒಪ್ಪಲ್ಲ. ಮದುವೆ ಮನೇಲಿ ಓಡಾಡ್ಕೊಂಡು ತೆಗೆಯೋದು ಬೇರೆ, ಒಬ್ರನ್ನ ಕುರ್ಚಿ ಮೇಲೆ ಕೂರಿಸಿ ಎರಡು ಗಂಟೆ ಮಾತಾಡ್ಸೋದು ಬೇರೆ. ಕೂತಲ್ಲೇ ಕೂತ ಮುಖಕ್ಕೆ ಒಂದೇ ಒಂದು ಒಳ್ಳೇ ಲೈಟ್ ಸಾಕು. ಮೂರು ಸಾಧಾರಣ ಲೈಟ್ ಇದ್ರೆ ಮೂರು ನೆರಳು, ಮೂರು ವೈರು, ಮೂರು ತಲೆನೋವು.

60 ವ್ಯಾಟಿನ ಸಿಒಬಿ ಲೈಟ್ ತಗೊಳ್ಳಿ, ಅಂದ್ರೆ ಮಧ್ಯದಲ್ಲಿ ದುಂಡಗೆ ಒಂದೇ ಹಳದಿ ಚಿಪ್ ಇರತ್ತಲ್ಲ ಅದು. ಗೊಡಾಕ್ಸ್ ಎಸ್‌ಎಲ್-60 ಥರದ್ದು. ಸೆಕೆಂಡ್ ಹ್ಯಾಂಡ್ ಸಿಕ್ರೆ ಅಮರಾನ್ 100 ಕೂಡ ನೋಡಿ, ಅದರಲ್ಲಿ ಡಿ ಅಂದ್ರೆ ಡೇಲೈಟ್, ಎಕ್ಸ್ ಅಂದ್ರೆ ಬೈಕಲರ್. ಡಿಜಿಟೆಕ್, ಸಿಂಪೆಕ್ಸ್‌ನಂಥ ನಮ್ಮ ದೇಶದ ಬ್ರ್ಯಾಂಡ್‌ಗಳಲ್ಲೂ ನೋಡಿ. ಬ್ರ್ಯಾಂಡ್ ಯಾವ್ದಾದ್ರೂ ಇರ್ಲಿ, ಮುಂದುಗಡೆ ಬೋವೆನ್ಸ್ ಮೌಂಟ್, ಅಂದ್ರೆ ಸಾಫ್ಟ್‌ಬಾಕ್ಸ್ (ಬೆಳಕು ಮೆತ್ತಗೆ ಮಾಡೋ ಬಟ್ಟೆ ಡಬ್ಬಿ) ಸಿಕ್ಕಿಸೋ ಬಾಯಿ, ಇರ್ಬೇಕು, ಅದನ್ನ ಬಿಡ್ಬೇಡಿ. ಬೋವೆನ್ಸ್ ಅನ್ನೋ ಇಂಗ್ಲೆಂಡ್ ಕಂಪನಿ 2017ರಲ್ಲೇ ಬಾಗಿಲು ಹಾಕ್ತು, ಆದ್ರೆ ಅವರ ಮೌಂಟ್‌ನ ಎಲ್ರೂ ಇಟ್ಕೊಂಡಿದಾರೆ, ಹಾಗಾಗಿ ಇವತ್ತು ತಗೊಂಡ ಸಾಫ್ಟ್‌ಬಾಕ್ಸು ನಾಳೆ ಲೈಟ್ ಬದಲಾಯಿಸಿದ್ರೂ ಕೂರತ್ತೆ.

ಈಗ ಸಿಆರ್‌ಐ. ಈ ನಂಬರ್ ಹೆಂಗೆ ಬರತ್ತೆ ಅಂದ್ರೆ ಎಂಟು ತೆಳು ಬಣ್ಣಗಳನ್ನ ಆ ಲೈಟ್‌ನಲ್ಲಿ ನೋಡಿ, ಎಷ್ಟು ಸರಿಯಾಗಿ ಕಂಡ್ವು ಅಂತ ಸರಾಸರಿ ತೆಗೀತಾರೆ. ಕಡುಗೆಂಪು ಆ ಎಂಟರಲ್ಲಿ ಇಲ್ವೇ ಇಲ್ಲ, ಅದು ಒಂಬತ್ತನೇದು, ಅದಕ್ಕೇ ಆರ್9 ಅಂತಾರೆ. ಬಿಳಿ ಎಲ್‌ಇಡಿ ಅಂದ್ರೆ ಒಳಗಿರೋದು ನೀಲಿ ಎಲ್‌ಇಡಿ, ಮೇಲೆ ಹಳದಿ ಫಾಸ್ಫರ್ ಲೇಪ, ಎರಡೂ ಸೇರಿ ಕಣ್ಣಿಗೆ ಬಿಳಿ ಅನ್ಸತ್ತೆ. ಅಗ್ಗದ್ರಲ್ಲಿ ಆ ಲೇಪ ಕೆಂಪು ಕೊಡೋದೇ ಕಮ್ಮಿ. ನಮ್ಮ ಮೈಬಣ್ಣದ ಜೀವ ಇರೋದೇ ಚರ್ಮದ ಕೆಳಗಿನ ಕೆಂಪಲ್ಲಿ, ಅದು ಹೋದ್ರೆ ಕಂದು ಮುಖ ಬೂದಿ ಬಳಿದ ಹಂಗೆ ಕಾಣತ್ತೆ, ಎಡಿಟಿಂಗಲ್ಲಿ ಎಷ್ಟು ತಿರುಚಿದ್ರೂ ವಾಪಸ್ ಬರಲ್ಲ ಯಾಕಂದ್ರೆ ಆ ಬೆಳಕಲ್ಲಿ ಆ ಬಣ್ಣನೇ ಇರ್ಲಿಲ್ಲ. ನಿಮ್ಮವ್ರು ಕುಂಕುಮ ಇಟ್ಟಿರ್ತಾರೆ, ಎಲೆಡಿಕೆ ಹಾಕಿರ್ತಾರೆ, ಕೆಂಪು ಶಾಲು ಹೊದ್ದಿರ್ತಾರೆ, ನಿಮಗೆ ಆರ್9 ಬೇಕೇ ಬೇಕು. ಅದರ ನಂಬರ್ ಬೇರೆ ಕೊಟ್ಟಿದ್ರೆ ಅಥ್ವಾ ಟಿಎಲ್‌ಸಿಐ ಅಂತ ಬರ್ದಿದ್ರೆ ಅದನ್ನ ನೋಡಿ, ಟಿಎಲ್‌ಸಿಐ ಅನ್ನೋದು ಯೂರೋಪಿನ ಟಿವಿಯವ್ರು ಕ್ಯಾಮೆರಾ ಕಣ್ಣಿಗೆ ಅಂತ್ಲೇ ಮಾಡಿದ ಅಳತೆ.

ದುಡ್ಡು ಲೈಟಿಗೆ 10ರ ಒಳಗೆ, ಸಾಫ್ಟ್‌ಬಾಕ್ಸಿಗೆ 2, ಗಟ್ಟಿ ಸ್ಟ್ಯಾಂಡಿಗೆ 2, ಉಳಿದದ್ದು ಎಕ್ಸ್‌ಟೆನ್ಷನ್ ಬೋರ್ಡಿಗೆ ಅಂತ ಹಂಚ್ಕೊಳ್ಳಿ. ರೇಟ್ ವಾರಕ್ಕೊಂದು ಇರತ್ತೆ, ಆಫರ್ ನೋಡ್ಕೊಂಡು ತಗೊಳ್ಳಿ. ಸ್ಟ್ಯಾಂಡ್ ಕಾಲಿಗೆ ಮರಳು ಚೀಲ ಕಟ್ಟೋದು ಮರೀಬೇಡಿ, ಅಜ್ಜನ ತಲೆ ಮೇಲೆ ಬಿದ್ರೆ ಕಷ್ಟ.

60 ವ್ಯಾಟ್ ಸಾಲತ್ತಾ ಅಂದ್ರೆ, ಹತ್ರ ಇಟ್ರೆ ಸಾಲತ್ತೆ. ಎರಡು ಮೀಟರ್ ದೂರ ಇದ್ದಿದ್ದನ್ನ ಒಂದು ಮೀಟರಿಗೆ ತಂದ್ರೆ ಬೆಳಕು ಎರಡು ಪಟ್ಟಲ್ಲ, ಹೆಚ್ಚುಕಮ್ಮಿ ನಾಲ್ಕು ಪಟ್ಟಾಗತ್ತೆ. ಫ್ರೇಮಿಂದ ಸ್ವಲ್ಪ ಆಚೆ, ಕಣ್ಣಿಗಿಂತ ಮೇಲೆ, ಕಿಟಕಿ ಯಾವ ಕಡೆ ಇದೆಯೋ ಅದೇ ಕಡೆಯಿಂದ ಇಡಿ, ಆಗ ಕಿಟಕಿ ಬೆಳಕೇ ಸ್ವಲ್ಪ ಜಾಸ್ತಿ ಬಂದಂಗೆ ಅನ್ಸತ್ತೆ, ಲೈಟ್ ಹಾಕಿದಾರೆ ಅಂತ ಯಾರಿಗೂ ಗೊತ್ತಾಗಲ್ಲ. ಟ್ಯೂಬ್‌ಲೈಟ್ ಆರ್ಸಿ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬಣ್ಣದ ಹದ) 5600 ಕೆಲ್ವಿನ್‌ಗೆ, ಅಂದ್ರೆ ಹಗಲು ಬೆಳಕಿನ ಮಟ್ಟಕ್ಕೆ, ಲಾಕ್ ಮಾಡಿ, ಆಟೋ ಬಿಟ್ರೆ ಅಜ್ಜ ಶಾಲು ಸರಿ ಮಾಡ್ಕೊಂಡಾಗೆಲ್ಲ ಬಣ್ಣ ಬದಲಾಗತ್ತೆ.

ಒಂದು ಪ್ರಶ್ನೆ, ನೆಲ ಯಾವ್ದು? ಕೆಂಪು ಗಾರೆನಾ?

ಜಗಲಿಕಟ್ಟೆ

ಹೌದು, ಮುಕ್ಕಾಲು ಪಾಲು ಮನೇಲಿ ರೆಡ್ ಆಕ್ಸೈಡ್ ನೆಲಾನೇ. ಯಾಕೆ?

ಮತ್ತೆ ಇನ್ನೆರಡು ವಿಷ್ಯ. ಹೆಚ್ಚಿನವ್ರಿಗೆ ಕನ್ನಡಕ ಇದೆ. ಕೆಲವ್ರಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ, ಜೋರು ಬೆಳಕು ಕಂಡ್ರೆ ಕಣ್ಣೀರು ಬರತ್ತೆ, ಒಬ್ರಂತೂ ಟಾರ್ಚ್ ಬಿಟ್ರೇ ಬೈತಾರೆ.

ಲೈಟ್‌ಬಾಯ್ ಆಗಿದ್ದವ

ಅದಕ್ಕೇ ಕೇಳಿದ್ದು. ಕೆಂಪು ನೆಲದ ಮೇಲೆ ಬೆಳಕು ಬಿದ್ರೆ ಅದು ಕೆಂಪಾಗೇ ಮೇಲೆ ಎದ್ದು ಬರತ್ತೆ, ಗದ್ದದ ಕೆಳಗೆ, ಕುತ್ತಿಗೆ, ಬಿಳಿ ಪಂಚೆ ಎಲ್ಲ ಕಿತ್ತಳೆ ಆಗತ್ತೆ. ಲೈಟ್ ಸರಿ ಇಲ್ಲ ಅಂತ ಅದನ್ನೇ ಬೈತಾ ಕೂತಿರ್ತಾರೆ ಜನ. ಫ್ರೇಮಲ್ಲಿ ಕಾಣದ ಹಾಗೆ ಕುರ್ಚಿ ಮುಂದೆ ಒಂದು ಕರಿ ಕಂಬಳಿ ಹಾಸಿ, ಕೆಂಪು ಅಲ್ಲಿಗೇ ನಿಲ್ಲತ್ತೆ, ರೂಮಿನ ಗುಂಯ್‌ಗುಡೋದೂ ಸ್ವಲ್ಪ ತಗ್ಗತ್ತೆ. ಕಣ್ಣು ಹುಬ್ಬಿನ ಕೆಳಗೆ ತೀರಾ ಕಪ್ಪಾಯ್ತು ಅನ್ಸಿದ್ರೆ ಕಂಬಳಿ ಬದಲು ಬಿಳಿ ಬೆಡ್‌ಶೀಟ್. ಎರಡೂ ಒಯ್ಯಿರಿ, ಹಾಕಿ ತೆಗೆದು ನೋಡಿದ್ರೆ ನಿಮಗೇ ಗೊತ್ತಾಗತ್ತೆ. ಮುಖದ ಇನ್ನೊಂದು ಪಕ್ಕಕ್ಕೆ ಸ್ಟೇಷನರಿ ಅಂಗಡಿಯ ಥರ್ಮಾಕೋಲ್ ಶೀಟು, ಸಿನಿಮಾ ಸೆಟ್ಟಲ್ಲೂ ಅದನ್ನೇ ಹಿಡಿಯೋದು.

ಕನ್ನಡಕಕ್ಕೆ ಔಷಧಿ ಅಂದ್ರೆ ಲೈಟ್ ಮೇಲೆ ಎತ್ತಿ ಪಕ್ಕಕ್ಕೆ ಸರ್ಸೋದು. ಸಾಲಲಿಲ್ಲ ಅಂದ್ರೆ ಕಿವಿ ಹತ್ರ ಕನ್ನಡಕದ ಕಾಲನ್ನ ಒಂಚೂರು ಮೇಲೆತ್ತಿ, ಗಾಜು ಕೆಳಗೆ ಬಾಗಿ ಹೊಳಪು ನೆಲಕ್ಕೆ ಹೋಗತ್ತೆ. ರಿಂಗ್ ಲೈಟಿನ ಕಥೆ ಇಲ್ಲಿಗೇ ಮುಗೀತು, ಅದು ಎರಡು ಗಾಜಲ್ಲೂ ಒಂದೊಂದು ಬಳೆ ಬಿಡಿಸತ್ತೆ.

ಪೊರೆ ಆಗಿರೋವ್ರಿಗೆ, ಅವರು ಬಂದು ಕೂತ್ಮೇಲೆ ಪಕ್ಕನೆ ಸ್ವಿಚ್ ಹಾಕ್ಬೇಡಿ. ಮೊದ್ಲೇ ಕಮ್ಮಿ ಇಟ್ಟಿರಿ, ಎಲೆ ಹಾಕ್ಕೊಂಡು ಲೋಕಾಭಿರಾಮ ಮಾತಾಡೋ ಹೊತ್ತಿಗೆ ನಿಧಾನಕ್ಕೆ ಏರ್ಸಿ. ಪ್ರಶ್ನೆ ಕೇಳೋವ್ರು ಲೈಟಿನ ಆ ಬದಿಗೆ ಕೂರ್ಬೇಡಿ, ಅವರು ನಿಮ್ಮನ್ನ ನೋಡೋಕೆ ಹೋಗಿ ಬೆಳಕನ್ನೇ ನೋಡ್ಬೇಕಾಗತ್ತೆ. ಸಾಫ್ಟ್‌ಬಾಕ್ಸಿನ ಬಟ್ಟೆ ಮುಂದೆ ಇನ್ನೊಂದು ತೆಳು ಮಲ್ ಪಂಚೆ ಇಳಿಬಿಟ್ರೆ ಇನ್ನೂ ಮೆತ್ತಗಾಗತ್ತೆ. ಚಿಪ್ಪಿಗೆ ತಾಗೋ ಹಾಗೆ ಮಾತ್ರ ಬಟ್ಟೆ ಪೇಪರ್ ಏನೂ ಸುತ್ತಬೇಡಿ, ಸಿಒಬಿ ಮುಂಭಾಗ ಚೆನ್ನಾಗೇ ಕಾಯತ್ತೆ.

ಬೇಸಿಗೇಲಿ ಇನ್ನೊಂದಿದೆ. ಅಂಗಳದ ಬಿಸಿಲಿಗೆ ದೊಡ್ಡ ಕನ್ನಡಿ ಹಿಡಿದು ಒಳಗಿನ ಬಿಳಿ ಗೋಡೆಗೋ ಥರ್ಮಾಕೋಲಿಗೋ ಹೊಡೀರಿ, ಇಡೀ ಜಗಲಿ ಬೆಳಗತ್ತೆ. ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವ್ರು 1959ರ ಹಿಂದಿ ಸಿನಿಮಾ 'ಕಾಗಜ್ ಕೆ ಫೂಲ್'ನಲ್ಲಿ ಸ್ಟುಡಿಯೋ ಒಳಗೆ ಆ ಬೆಳಕಿನ ಕೋಲು ತಂದಿದ್ದು ಹೊರಗಿನ ಬಿಸಿಲಿಗೆ ಕನ್ನಡಿ ಹಿಡಿದೇ. ಸೂರ್ಯ ಸರೀತಾ ಇರ್ತಾನೆ, ಕನ್ನಡಿ ಹಿಡ್ಕೊಳ್ಳೋಕೆ ಭಾವನ್ನ ನಿಲ್ಸಿ.

ರೋಲ್_ಸೌಂಡ್, ಉಡುಪಿ

ಮಾರಾಯ್ರೆ ನೀವೆಲ್ಲ ಬೆಳಕಿನ ಬಗ್ಗೆಯೇ ಮಾತಾಡ್ತಾ ಇದ್ದೀರಿ, ತಾಳಮದ್ದಳೆ ಅಂದ್ರೆ ಮಾತು ಅಲ್ವಾ? ಈ ಸಿಒಬಿ ಲೈಟಲ್ಲಿ ಫ್ಯಾನ್ ಉಂಟು. ಅಂಗಡಿಯ ಗದ್ದಲದಲ್ಲಿ ಅದು ಕೇಳುವುದೇ ಇಲ್ಲ, ಮನೆಗೆ ಬಂದು ಹೆಡ್‌ಫೋನ್ ಹಾಕಿದ್ರೆ ಮಾತು ನಿಂತಲ್ಲೆಲ್ಲ ಸುಂಯ್ ಅಂತದೆ. ತಗೊಳ್ಳುವ ಮೊದ್ಲು ಅಂಗಡಿಯ ಹಿಂದೆ ಒಂದು ಕೋಣೆ ಕೇಳಿ, ಅಲ್ಲಿ ಫುಲ್ ಬ್ರೈಟ್ನೆಸ್ಸಲ್ಲಿ ಹತ್ತು ನಿಮಿಷ ಬಿಡಿ, ಬಿಸಿ ಆದ ಮೇಲೆಯೇ ಫ್ಯಾನಿನ ನಿಜವಾದ ಸದ್ದು ಗೊತ್ತಾಗುವುದು. ಕೆಲವು ಮಾಡೆಲಲ್ಲಿ ಸೈಲೆಂಟ್ ಮೋಡ್ ಉಂಟು, ಬೆಳಕು ಸ್ವಲ್ಪ ಇಳಿಸಿ ಫ್ಯಾನ್ ನಿಲ್ಲಿಸ್ತದೆ, ನಿಮಗೆ ಅದೇ ಒಳ್ಳೇದು.

ಮೈಕು ಕಾಲರಿಗೆ ಹಾಕಿ. ಇನ್ವರ್ಟರಿಗೆ ಹಾಕ್ತೀರಾದ್ರೆ ಸೈನ್ ವೇವ್ ಇರ್ಬೇಕು, ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಆದ್ರೆ ಸೀಲಿಂಗ್ ಫ್ಯಾನೂ ಗುಂಯ್ಗುಡ್ತದೆ, ಅಡಾಪ್ಟರೂ ಗುಂಯ್ಗುಡ್ತದೆ. 60 ವ್ಯಾಟ್ ಅಂದ್ರೆ ಮನೆಯ ಇನ್ವರ್ಟರಿಗೆ ಏನೂ ಭಾರ ಅಲ್ಲ, ಹಾಗಾಗಿ ಬ್ಯಾಟರಿ ಪ್ಯಾನೆಲ್ಲೇ ಬೇಕು ಅಂತ ಏನಿಲ್ಲ ಕಾಕಾ.

ಇನ್ನು ಹೆಂಚಿನ ಮೇಲೆ ಮಳೆ ಹೊಡೀತಿದ್ರೆ ಫ್ಯಾನ್ ಸದ್ದು ಯಾರಿಗೆ ಕೇಳ್ತದೆ ಅಂತ ಕೇಳ್ಬೇಡಿ. ಅವತ್ತು ಚಾ ಕುಡಿದು ಮನೆಗೆ ಬನ್ನಿ.

ಕ್ಯಾಮೆರಾ ಕಾಕಾ, ಹುಬ್ಬಳ್ಳಿ

ಎಲ್ಲಾರ ಮನ್ಯಾಗ ಇನ್ವರ್ಟರ್ ಎಲ್ಲೈತ್ರಿ? ಇವ್ರು ಹೋಗೂದು ಅಡಿಕಿ ತೋಟದ ನಡುವಿನ ಮನಿಗೆ. ಇರ್ಲಿ, ಕುಂತ ಮುಖಕ್ಕ ಸಿಒಬಿನs ಬೇಕು ಅಂದ್ರ ನಾ ಜಗಳಾ ಮಾಡಂಗಿಲ್ಲ. ಆದ್ರ ಮುಂದ ರೊಕ್ಕ ಕೂಡಿದಾಗ ಅಂಗೈ ಅಷ್ಟಗಲದ ಒಂದು ಬ್ಯಾಟರಿ ಲೈಟ್ ಇಟ್ಕೋರಿ. ಮಾತು ರಂಗೇರಿದಾಗ ಕರೆಂಟ್ ಹೋದ್ರ ಮತ್ತ ಅದs ಮಾತು ಆಡ್ರಿ ಅಜ್ಜಾರ ಅಂತ ಕೇಳಾಕ ಬರ್ತೈತೇನು?

ಮತ್ತ ಅಂಗಡಿಯಾಗ ಇನ್ನೊಂದ ಟೆಸ್ಟ್ ಮಾಡ್ರಿ. ಲೈಟನ್ನ 10 ಪರ್ಸೆಂಟಿಗೆ ಇಳಿಸಿ ಫೋನಿನ ಸ್ಲೋ ಮೋಷನ್ 240 ಫ್ರೇಮ್‌ನಾಗ ತೆಗೀರಿ. ಅಗ್ಗದ ಲೈಟ್‌ನಾಗ ಡಿಮ್ ಅಂದ್ರ ಬೆಳಕು ಇಳಿಸೂದಲ್ಲ, ಪಟಪಟ ಆನ್ ಆಫ್ ಮಾಡೂದು, ಅದು ಸ್ಲೋ ಮೋಷನ್ನಾಗ ಎದ್ದು ಕಾಣತೈತಿ. ಅಜ್ಜಾರಿಗೆ ಡಿಮ್ ಮಾಡೇ ಹಚ್ಚಾವ್ರು ನೀವು, ಫುಲ್‌ನಾಗ ಛಲೋ ಇದ್ದು ಡಿಮ್ಮಿನಾಗ ಮಿಣುಕಿದ್ರ ಏನು ಉಪಯೋಗ?

ಜಗಲಿಕಟ್ಟೆ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಮೂರು ಪ್ಯಾನೆಲ್ ಕಿಟ್ ಅಡಾಪ್ಟರ್ ಫೋಟೋ ಈಗ ನೋಡ್ದೆ, ಕಾಕಾ ಹೇಳಿದ ಹಂಗೇ 12 ವೋಲ್ಟ್ 3 ಆಂಪ್ 😄 ಅದನ್ನ ಬಿಟ್ವಿ. 60 ವ್ಯಾಟ್ ಸಿಒಬಿ, ಒಂದು ಸಾಫ್ಟ್‌ಬಾಕ್ಸು, ಒಂದು ಸ್ಟ್ಯಾಂಡು, ಇಷ್ಟೇ ತಗೊಳ್ಳೋದು ಅಂತ ಆಯ್ತು. ಕೈಯಲ್ಲಿ ಹಿಡ್ದು ನೋಡೇ ತಗೊಳ್ಳೋಣ ಅಂತ ಭಾವ ಹಠ ಮಾಡ್ತಿದಾನೆ, ಹಾಗಾಗಿ ಮುಂದಿನ ವಾರ ಹುಬ್ಬಳ್ಳಿಗೆ ಬರೋ ಯೋಚ್ನೆ. ಕೆಂಪು ಹೆಂಗೆ ಕಾಣತ್ತೆ ನೋಡೋಕೆ ಒಂದು ಕುಂಕುಮದ ಭರಣಿ, ಒಂದು ಕೆಂಪು ಶಾಲು ತರ್ತೀವಿ, ಅಂಗಡಿಯವ್ರು ಏನಂದ್ಕೊಳ್ತಾರೋ. ಇನ್ನೊಂದು ಡೌಟು, ಸಾಫ್ಟ್‌ಬಾಕ್ಸ್ ಎಷ್ಟು ದೊಡ್ಡದು ತರೋದು? ಕೆಲವು ಜಗಲೀಲಿ ನಾನು ನಿಂತ್ರೇ ತಲೆ ತೊಲೆಗೆ ತಾಗತ್ತೆ.

ಲೈಟ್‌ಬಾಯ್ ಆಗಿದ್ದವ

60 ಸೆಂಟಿಮೀಟರ್‌ದು ಸಾಕು, 90ರದ್ದು ತಂದ್ರೆ ಮುಖಕ್ಕೆ ಇನ್ನೂ ಚೆಂದ ಆದ್ರೆ ಆ ತೊಲೆ ಬಿಡಲ್ಲ. ಲೈಟ್ ಎತ್ತರಕ್ಕೆ ಹೋಗಲ್ಲ ಅಂದ್ರೆ ಅಜ್ಜನ್ನ ಕೆಳಗೆ ಇಳಿಸಿ, ಕುರ್ಚಿ ಬಿಟ್ಟು ಚಾಪೆ ಮೇಲೆ ಕೂರಿಸಿ. ತಾಳಮದ್ದಳೆಯವ್ರು ಅಲ್ವಾ, ನೆಲದ ಮೇಲೆ ಕೂತ್ರೆ ಮಾತು ಇನ್ನೂ ಚೆನ್ನಾಗಿ ಬರ್ಬೋದು. ಕ್ಯಾಮೆರಾನೂ ಅವರ ಕಣ್ಣಿನ ಮಟ್ಟಕ್ಕೆ ಇಳಿಸಿ.

ಕ್ಯಾಮೆರಾ ಕಾಕಾ, ಹುಬ್ಬಳ್ಳಿ

ಬರ್ರಿ ಬರ್ರಿ, ಮೆಸೇಜ್ ಹಾಕ್ರಿ, ಅಂಗಡಿಗೆ ನಾನs ಕರ್ಕೊಂಡು ಹೋಗ್ತೇನಿ. ಬಿಲ್ ಹಾಕಿಸ್ಕೊಂಡs ತಗೋರಿ, ವಾರಂಟಿಗೆ ಬೇಕಾಕ್ಕೇತಿ. ರವಿವಾರ ಮಾತ್ರ ಬರಬ್ಯಾಡ್ರಿ, ಆ ಲೈನಿನಾಗ ಅಂಗಡಿ ಬಂದ್ ಇರ್ತಾವ.